ಒಣಗಿದ ಜಾಯಿಕಾಯಿ, ಮುರುಗಲು ಬೀಜಗಳ ಪ್ಯಾಕೆಟ್ ಕೊಳ್ಳುವವರಿಗೆ ಎಚ್ಚರಿಕೆ

ಜಾಯಿಕಾಯಿ, ಮುರುಗಲು, ಮ್ಯಾಂಗೊಸ್ಟೀನ್, ರಂಬುಟಾನ್ ಮುಂತಾದ ಗಿಡಗಳ ಬೀಜಗಳನ್ನು ಒಣಗಿಸಿ, ಚೆಂದದ ಪ್ಯಾಕೆಟ್ಟಿನಲ್ಲಿ ತುಂಬಿ ಆನ್‌ಲೈನ್ ಅಂಗಡಿಗಳಲ್ಲಿ ಮಾರಲಾಗುತ್ತಿದೆ. ಹಿತ್ತಿಲಲ್ಲೋ ತಾರಸಿಯಲ್ಲೋ ಬೀಜದಿಂದ ಗಿಡ ಎಬ್ಬಿಸುವ ಆಸೆಯುಳ್ಳವರು ದಯವಿಟ್ಟು ಇವುಗಳನ್ನು ಕೊಳ್ಳಬೇಡಿ. ಇವು ಒಣಗಿದರೆ ಸಾಯುವ ಜಾತಿಯ ಬೀಜಗಳು; ಒಣಗಿಸಿ ಅಂಚೆಯಲ್ಲಿ ಕಳಿಸಿದ ಮೇಲೆ ಎಷ್ಟೇ ಅಕ್ಕರೆಯಿಂದ ನೀರುಣಿಸಿದರೂ ಮೊಳಕೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದೇ ಪ್ಯಾಕೆಟ್ಟುಗಳನ್ನು ತರಿಸಿ, ಮೊಳಕೆ ಬಾರದೆ, ತಮ್ಮ ಕೈಗುಣವೇ ಸರಿಯಿಲ್ಲವೆಂದು ಸುಮ್ಮನಾದವರು ಕುಮಟಾ, ಹೊನ್ನಾವರದ ಕಡೆ ನನ್ನ ಪರಿಚಯದಲ್ಲಿಯೇ ಇದ್ದಾರೆ.

ನಮ್ಮ ಮನೆ ಕುಮಟಾದಲ್ಲಿ, ನನ್ನ ತವರು ಶಿರಸಿಯ ಘಟ್ಟದ ಮೇಲೆ. ಹಿತ್ತಿಲಲ್ಲಿ ತೆಂಗಿನ ಮರಗಳ ನಡುವೆ ಜಾಯಿಕಾಯಿಗೆ ಬೇಕಾದ ನೆರಳೂ ತಂಪೂ ಇರುವುದರಿಂದ ಎರಡು ಮೂರು ಗಿಡಗಳನ್ನು ಬೀಜದಿಂದಲೇ ಬೆಳೆಸಬೇಕೆಂದು ಮನೆಯವರೆಲ್ಲ ಬಯಸಿದ್ದೆವು. ಆನ್‌ಲೈನ್ ಅಂಗಡಿಯೊಂದರಲ್ಲಿ ಕಂಡ ಜಾಹೀರಾತಿನಲ್ಲಿ ಕೆಂಪು ಪತ್ರೆ ಸುತ್ತಿದ ಹೊಸ ಕಾಯಿಯ ಚಿತ್ರವಿತ್ತು. ಶೇ. 95ರಷ್ಟು ಮೊಳಕೆ, ಎಲ್ಲವೂ ಹೆಣ್ಣು ಗಿಡ, ಎರಡೇ ವರ್ಷದಲ್ಲಿ ಫಸಲು ಎಂಬ ಭರವಸೆಗಳಿದ್ದವು. ಅದೇ ಮಾರಾಟಗಾರರಲ್ಲಿ ಮುರುಗಲು ಬೀಜವೂ ಸಿಗುತ್ತಿದ್ದುದರಿಂದ ಎರಡನ್ನೂ ತರಿಸಿದೆವು. ಬಂದ ಪ್ಯಾಕೆಟ್ಟಿನ ಮೇಲೆ ಕಂಪನಿಯ ವಿಳಾಸವಿರಲಿಲ್ಲ, ಪರೀಕ್ಷೆಯ ದಿನಾಂಕವಿರಲಿಲ್ಲ. ಬಿತ್ತುವವರೆಗೆ ಫ್ರಿಜ್ಜಿನಲ್ಲಿಡಿ ಎಂಬ ಸೂಚನೆಯೊಂದು ಮಾತ್ರ ಇತ್ತು.

ಹೊಳೆಮರಳು ಮತ್ತು ತೆಂಗಿನ ನಾರಿನ ಪುಡಿಯನ್ನು ಬೆರೆಸಿ, ನೆರಳಿನಲ್ಲಿ ತೊಟ್ಟಿ ಇಟ್ಟು, ಎರಡೂ ಬಗೆಯ ಬೀಜಗಳನ್ನು ಹಾಕಿದೆವು. ಜಾಯಿಕಾಯಿ ಮೊಳೆಯಲು ಒಂದರಿಂದ ಮೂರು ತಿಂಗಳು ಹಿಡಿಯುವುದುಂಟು, ಆದ್ದರಿಂದ ಕಾಯುವುದಕ್ಕೆ ಬೇಸರವಿರಲಿಲ್ಲ. ಆದರೆ ಮಾರಾಟಗಾರರ ಹಿಂದಿರುಗಿಸುವ ಅವಧಿ ಏಳೇ ದಿನ. ಮೊಳಕೆಯೊಡೆಯಲು ಕನಿಷ್ಠ ಒಂದು ತಿಂಗಳು ಬೇಕಾದ ಬೀಜಕ್ಕೆ ಏಳು ದಿನಗಳ ಗಡುವು ಇಟ್ಟರೆ ಯಾವ ಗಿರಾಕಿಯೂ ಗಡುವಿನೊಳಗೆ ದೂರು ಕೊಡುವಂತಿಲ್ಲ ಎಂಬುದನ್ನು ಗಮನಿಸಬೇಕು.

ತಿಂಗಳುಗಳು ಕಳೆದರೂ ಏನೂ ಮೇಲೇಳದಿದ್ದಾಗ ಬರೆದು ಕೇಳಿದೆ. ನೀರು ಹೆಚ್ಚಾಗಿರಬೇಕು, ನಮ್ಮ ಬೀಜದಲ್ಲಿ ದೋಷವಿಲ್ಲ, ಬೇರು ಬರಿಸುವ ಪುಡಿಯೊಂದಿಗೆ ಇನ್ನೊಂದು ಪ್ಯಾಕೆಟ್ ತರಿಸಿಕೊಳ್ಳಿ ಎಂದು ಉತ್ತರ ಬಂತು. ಬೇರೊಬ್ಬ ಗಿರಾಕಿಗೂ ಅಕ್ಷರ ಬದಲಾಗದ ಇದೇ ಉತ್ತರ ಹೋಗಿತ್ತೆಂದು ಆಮೇಲೆ ಅವರ ಫೋನಿನಲ್ಲಿ ನೋಡಿದೆ. ತಪ್ಪನ್ನು ಬೆಳೆಸುವವರ ಮೇಲೆ ಹೊರಿಸಿ, ಅದೇ ಸಂಕಟವನ್ನು ಮತ್ತೊಂದು ಮಾರಾಟಕ್ಕೆ ದಾರಿ ಮಾಡಿಕೊಳ್ಳುವ ಈ ರೀತಿ ನನಗೆ ಹಣ ಹೋದದ್ದಕ್ಕಿಂತ ಹೆಚ್ಚು ನೋವು ತಂದಿತು.

ಬಿತ್ತದೆ ಉಳಿಸಿಕೊಂಡಿದ್ದ ಕಾಯಿಗಳನ್ನು ಶಿರಸಿಗೆ ಹೋದಾಗ ಒಯ್ದು, ಅಡಿಕೆ ತೋಟದಲ್ಲಿ ಬಹುಕಾಲದಿಂದ ಜಾಯಿಕಾಯಿ ಬೆಳೆಯುತ್ತಿರುವ ನಮ್ಮ ಬಂಧುಗಳೊಬ್ಬರಿಗೆ ತೋರಿಸಿದೆ. ಅವರು ಒಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗೆ ತಿರುಳು ಚಿಪ್ಪಿಗೆ ಬಡಿದು ಗಡಗಡ ಸದ್ದಾಯಿತು. “ತಂಗೀ, ಇದು ಅಂಗಡಿಗೆ ಕೊಡುವ ಕಾಯಿ, ನೆಡುವ ಕಾಯಿಯಲ್ಲ” ಎಂದರು. ಸಾಂಬಾರ ಪದಾರ್ಥವಾಗಿ ಮಾರುವಾಗ ಜಾಯಿಕಾಯಿ ಚೆನ್ನಾಗಿ ಒಣಗಿದೆ ಎಂಬುದಕ್ಕೆ ಆ ಸದ್ದೇ ಗುರುತು: ತೇವವೆಲ್ಲ ಆರಿ ತಿರುಳು ಕುಗ್ಗಿ ಚಿಪ್ಪಿನಿಂದ ಬಿಟ್ಟುಕೊಂಡಿರುತ್ತದೆ. ಅಡುಗೆಗೆ ಅದು ಉತ್ತಮ, ಬಿತ್ತನೆಗೆ ಅದು ಸತ್ತ ಬೀಜ. ಚಿಪ್ಪು ಒಡೆದು, ತಿರುಳನ್ನು ಅಡಕತ್ತರಿಯಿಂದ ಎರಡು ಹೋಳು ಮಾಡಿ, ಪಕ್ಕದಲ್ಲಿಯೇ ಅಂದು ಮರದಿಂದ ಬಿದ್ದ ಕಾಯಿಯನ್ನೂ ಕತ್ತರಿಸಿ ಇಟ್ಟರು. ಪ್ಯಾಕೆಟ್ಟಿನ ಕಾಯಿಯ ಒಳಗು ಕಲ್ಲಿನಂತೆ ಗಟ್ಟಿಯಾಗಿ, ಕಂದು ಗೆರೆಗಳ ನಡುವೆ ಮೊಳಕೆ ಇರಬೇಕಾದ ತುದಿಯಲ್ಲಿ ಬರಿಯ ಸುಕ್ಕಿದ ಪೊಳ್ಳು ಉಳಿದಿತ್ತು. ಹೊಸ ಕಾಯಿಯ ತಿರುಳು ಚಿಪ್ಪಿಗೆ ಅಂಟಿಕೊಂಡೇ ಇತ್ತು, ಕತ್ತರಿಸಿದ ಮುಖ ಬೆರಳಿಗೆ ಪಸೆಪಸೆಯಾಗಿ ತಾಗುತ್ತಿತ್ತು.

ಅವರು ಕೊಟ್ಟ ಹೊಸ ಕಾಯಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಅದೇ ಮರಳು ಮಿಶ್ರಣದಲ್ಲಿ, ಅದೇ ನೆರಳಿನಲ್ಲಿ, ಅಷ್ಟೇ ನೀರು ಕೊಟ್ಟು ಮೊಳೆಯಿಸಿದೆವು. ಒಂದೆರಡು ಬಿಟ್ಟರೆ ಉಳಿದವೆಲ್ಲ ಮೊಳೆತವು. ನೀರು ಹೆಚ್ಚಾಯಿತೆಂಬ ಮಾರಾಟಗಾರರ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇದರ ಹಿಂದಿನ ಕಾರಣವನ್ನು ಎಲ್ಲರೂ ತಿಳಿದಿರಬೇಕು. ಬೆಂಡೆ, ಬದನೆ, ಹರಿವೆ, ಅಲಸಂದೆ, ಮೊಗೆಕಾಯಿ ಇವುಗಳ ಬೀಜ ಒಣಗಿದಷ್ಟೂ ಬಾಳಿಕೆ ಬರುತ್ತದೆ, ತೇವಾಂಶ ಶೇ. 5ರಿಂದ 8ರಷ್ಟಕ್ಕೆ ಇಳಿದರೂ ಅವು ನಿದ್ರೆಯಲ್ಲಿ ಬದುಕಿರುತ್ತವೆ. ಮೊಗೆಬೀಜಕ್ಕೆ ಬೂದಿ ಹಚ್ಚಿ ಗೋಡೆಗೆ ಅಂಟಿಸಿಡುವ, ಬದನೆಬೀಜವನ್ನು ಅಟ್ಟದ ಹೊಗೆಯಲ್ಲಿ ತೂಗಿಡುವ ನಮ್ಮ ಹಿರಿಯರ ರೂಢಿಗೆ ಇದೇ ಆಧಾರ. ಆದರೆ ಸದಾ ತೇವವಿರುವ ಕಾಡಿನ ಅನೇಕ ಮರಗಳ ಬೀಜಗಳಿಗೆ ಈ ಶಕ್ತಿಯಿಲ್ಲ. ಮಳೆಗಾಲದ ಆಸುಪಾಸಿನಲ್ಲಿ ಹಣ್ಣಾಗಿ ಬಿದ್ದು ಒದ್ದೆ ನೆಲದಲ್ಲಿ ಮೊಳೆಯುವ ಮರಕ್ಕೆ ತಿಂಗಳುಗಟ್ಟಲೆ ಒಣಗಿ ಕಾಯುವ ಅಗತ್ಯ ಬಂದೇ ಇಲ್ಲ. ಇಂತಹ ಬೀಜಗಳ ತೇವಾಂಶ ಸುಮಾರು ಶೇ. 20ರಿಂದ 30ಕ್ಕಿಂತ ಕೆಳಗಿಳಿದರೆ ಒಳಗಿನ ಭ್ರೂಣ ಸಾಯುತ್ತದೆ, ಮತ್ತೆ ನೀರಿನಲ್ಲಿ ನೆನೆಸಿದರೆ ಜೀವ ಬರುವುದಿಲ್ಲ. ಬೀಜಗಳಲ್ಲಿ ಈ ಎರಡು ಗುಂಪುಗಳಿವೆ ಎಂದು ಇ. ಎಚ್. ರಾಬರ್ಟ್ಸ್ ಎಂಬ ವಿಜ್ಞಾನಿ 1973ರಲ್ಲಿಯೇ ವಿಂಗಡಿಸಿ ಹೇಳಿದ್ದಾರೆ. ಜಾಯಿಕಾಯಿ, ನಮ್ಮ ಕಾಡಿನ ರಾಮಪತ್ರೆ, ಮುರುಗಲು, ಮಾವು, ಹಲಸು, ಕೊಕ್ಕೋ, ಮ್ಯಾಂಗೊಸ್ಟೀನ್, ರಂಬುಟಾನ್ ಎಲ್ಲವೂ ಎರಡನೆಯ ಗುಂಪಿನವು. ಮ್ಯಾಂಗೊಸ್ಟೀನ್ ಮತ್ತು ರಂಬುಟಾನ್ ಬೀಜಗಳಂತೂ ಹಣ್ಣಿನಿಂದ ಹೊರತೆಗೆದು ಹಾಗೆಯೇ ಬಿಟ್ಟರೆ ಕೆಲವೇ ದಿನಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಉಷ್ಣವಲಯದ ಇಂತಹ ಬಹಳಷ್ಟು ಬೀಜಗಳಿಗೆ ಚಳಿಯೂ ಆಗದು. ಅವುಗಳನ್ನು ಫ್ರಿಜ್ಜಿನಲ್ಲಿಡಲು ಹೇಳುವವರು ಬೀಜದ ಜಾತಿಯನ್ನೇ ಅರಿಯದವರು, ಇಲ್ಲವೇ ಅರಿತೂ ಮಾರುವವರು.

ಮುರುಗಲಿನ ವಿಷಯ ಇನ್ನಷ್ಟು ಬೇಸರದ್ದು. ನಮ್ಮ ಜಿಲ್ಲೆಯಲ್ಲಿ ಮುರುಗಲು ಬೀಜವನ್ನು ಬಿಸಿಲಿಗೆ ಒಣಗಿಸಿ, ಕುಟ್ಟಿ, ಕುದಿಸಿ ತುಪ್ಪ ತೆಗೆಯುವುದು ಹಳೆಯ ಪದ್ಧತಿ. ಹಿಮ್ಮಡಿ ಒಡೆದಾಗ ಹಚ್ಚಲು ಆ ತುಪ್ಪದ ಉಂಡೆ ಮನೆಮನೆಯಲ್ಲಿಯೂ ಇರುತ್ತಿತ್ತು. ಪ್ಯಾಕೆಟ್ಟಿನಲ್ಲಿ ಬಂದದ್ದು ಆ ತುಪ್ಪದ ಬೀಜವೇ ಎಂದು ನೋಡಿದೊಡನೆ ನನ್ನ ತಾಯಿ ಹೇಳಿದರು. ಮೇ ತಿಂಗಳಲ್ಲಿ ಸಿಪ್ಪೆ ಬಿಡಿಸಿದ ಮೇಲೆ ರಾಶಿಗಟ್ಟಲೆ ಉಳಿಯುವ ಬೀಜವನ್ನು ಬಿತ್ತನೆ ಬೀಜವೆಂದು ಹೆಸರಿಟ್ಟು ಎಣಿಸಿ ಮಾರಿದರೆ ಲಾಭವೆಷ್ಟೆಂದು ಯಾರಾದರೂ ಊಹಿಸಬಹುದು.

ಜಾಹೀರಾತಿನ ಉಳಿದ ಮಾತುಗಳನ್ನೂ ಪರೀಕ್ಷಿಸಬೇಕು. ಜಾಯಿಕಾಯಿಯಲ್ಲಿಯೂ ಮುರುಗಲಿನಲ್ಲಿಯೂ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗುತ್ತವೆ, ಹೂ ಬಿಡುವವರೆಗೆ ಅಂದರೆ ಆರರಿಂದ ಎಂಟು ವರ್ಷಗಳವರೆಗೆ ನೋಡಿ ಗುರುತಿಸಲು ಬರುವುದಿಲ್ಲ. ಹೀಗಿರುವಾಗ ಎಲ್ಲವೂ ಹೆಣ್ಣು ಗಿಡವಾಗುವ ಬೀಜ ಎನ್ನುವುದೂ, ಬೀಜದ ಗಿಡ ಎರಡು ವರ್ಷಕ್ಕೆ ಕಾಯಿ ಬಿಡುತ್ತದೆ ಎನ್ನುವುದೂ ಸಂಪೂರ್ಣ ಸುಳ್ಳು. ಕಾಯಿಯೇ ಮುಖ್ಯವೆನ್ನುವವರು ಹೆಣ್ಣು ಮರದ ಕುಡಿಯಿಂದ ಕಸಿ ಮಾಡಿದ ಗಿಡ ಹಾಕಬೇಕು, ಹತ್ತು ಹೆಣ್ಣು ಗಿಡಕ್ಕೆ ಒಂದು ಗಂಡು ಸಾಕಾಗುತ್ತದೆ. ಎರಡೇ ಗಿಡಕ್ಕೆ ಜಾಗವಿರುವ ಹಿತ್ತಿಲಿಗೆ ಬೀಜದ ಸಸಿ ಹಾಕಿ ಎಂಟು ವರ್ಷದ ಬಳಿಕ ಎರಡೂ ಗಂಡೆಂದು ತಿಳಿಯುವುದಕ್ಕಿಂತ ಶಿರಸಿಯ ತೋಟಗಾರಿಕೆ ಮಹಾವಿದ್ಯಾಲಯದಲ್ಲಿಯೋ ಅರಣ್ಯ ಮಹಾವಿದ್ಯಾಲಯದಲ್ಲಿಯೋ ತೋಟಗಾರಿಕೆ ಇಲಾಖೆಯಲ್ಲಿಯೋ ಕಸಿ ಗಿಡದ ಬಗ್ಗೆ ವಿಚಾರಿಸುವುದು ಲೇಸು. ಹಾಗೆಂದು ಬೀಜದಿಂದ ಗಿಡ ಮಾಡುವ ಸಂತೋಷವನ್ನು ಯಾರೂ ಬಿಡಬೇಕೆಂದು ನಾನು ಹೇಳುವುದಿಲ್ಲ. ಮೊದಲ ಜೋಡಿ ಎಲೆ ಬಿಚ್ಚುವುದನ್ನು ದಿನವೂ ಬಗ್ಗಿ ನೋಡುವ ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಬೆಲೆ ಕಟ್ಟಲಾಗದು. ಅದೇ ಕಾರಣಕ್ಕೆ ಸತ್ತ ಬೀಜವನ್ನು ಮಾರುವವರ ಮೇಲೆ ನನಗೆ ಇಷ್ಟು ಕೋಪ.

ಬೀಜವೇ ಬೇಕೆಂದರೆ ಹಣ್ಣನ್ನು ಕೇಳಿ ಪಡೆಯಿರಿ, ಬೀಜವನ್ನಲ್ಲ. ಮುರುಗಲಾದರೆ ಏಪ್ರಿಲ್, ಮೇ ತಿಂಗಳ ಕೆಂಪು ಹಣ್ಣು. ಜಾಯಿಕಾಯಿಯಾದರೆ ಮಳೆಗಾಲದಲ್ಲಿ ಮರದಲ್ಲಿಯೇ ಬಿರಿದದ್ದು. ಈ ಕಾಲ ಬಿಟ್ಟು ವರ್ಷವಿಡೀ ದೊರೆಯುತ್ತದೆ ಎಂದು ಹೇಳುವ ಬಿತ್ತನೆ ಬೀಜವನ್ನು ನಂಬಬೇಡಿ. ಜಾಯಿಕಾಯಿಯ ಪತ್ರೆ ಬಿಡಿಸಿ, ಚಿಪ್ಪಿನ ಸಮೇತ ಅದೇ ದಿನ ಒದ್ದೆ ಮರಳಿನಲ್ಲಿ ಒಂದೆರಡು ಅಂಗುಲ ಆಳಕ್ಕೆ ಮಲಗಿಸಿ ಹಾಕಬೇಕು. ಅಂದೇ ಹಾಕಲಾಗದಿದ್ದರೆ ಒದ್ದೆ ಮರಳಿನಲ್ಲಿಯೇ ಕಾಪಿಡಬೇಕು, ಬಿಸಿಲಿಗೆ ತೋರಿಸಬಾರದು. ನಮ್ಮ ಕರಾವಳಿಯ ಜಡಿಮಳೆ ತೊಟ್ಟಿಗೆ ನೇರವಾಗಿ ಬೀಳದಂತೆ ಸೂರಿನಡಿ ಇಟ್ಟು, ತಳದಿಂದ ನೀರು ಬಸಿದು ಹೋಗುವಂತೆ ನೋಡಿಕೊಂಡರೆ ಕೊಳೆ ತಗಲುವುದಿಲ್ಲ.

ತರಕಾರಿ ಬೀಜ ಪ್ಯಾಕೆಟ್ಟಿನಲ್ಲಿ ಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಚೀಟಿಯನ್ನು ಓದಿಯೇ ಕೊಳ್ಳಬೇಕು. 1966ರ ಬೀಜ ಕಾಯಿದೆಯಡಿ ಅಧಿಸೂಚಿತ ತಳಿಗಳ ಪ್ಯಾಕೆಟ್ಟಿನ ಮೇಲೆ ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ, ಮಾರುವವರ ಹೆಸರು ವಿಳಾಸ ಇರಬೇಕು; ಬೀಜ ಮಾರಲು 1983ರ ನಿಯಂತ್ರಣ ಆದೇಶದಂತೆ ಪರವಾನಗಿಯೂ ಬೇಕು. ಟೊಮೆಟೊ, ಬದನೆಗೆ ಕನಿಷ್ಠ ಶೇ. 70, ಮೆಣಸಿನಕಾಯಿಗೆ ಶೇ. 60 ಮೊಳಕೆ ಇರಬೇಕೆಂಬ ಮಾನದಂಡವಿದೆ. ಇದಾವುದೂ ಇಲ್ಲದೆ ಬಣ್ಣದ ಚಿತ್ರವಷ್ಟೇ ಇರುವ ಪ್ಯಾಕೆಟ್ಟನ್ನು ಮರಳಿಸಿಬಿಡಿ. ಕೇಳದೆ ಹೊರದೇಶದಿಂದ ಬಂದ ಬೀಜವನ್ನಂತೂ ಮಣ್ಣಿಗೆ ಹಾಕಲೇಬಾರದು. ಅಂತಹ ಪೊಟ್ಟಣಗಳ ಬಗ್ಗೆ 2020ರಲ್ಲಿ ಕೇಂದ್ರ ಕೃಷಿ ಸಚಿವಾಲಯವೇ ಎಚ್ಚರಿಸಿತ್ತು, ಅವುಗಳೊಡನೆ ಹೊಸ ರೋಗವೋ ಕಳೆಯೋ ಬರಬಹುದು.

ಈಗಾಗಲೇ ಇಂತಹ ಪ್ಯಾಕೆಟ್ ತರಿಸಿದವರು ಎಲ್ಲ ಬೀಜವನ್ನೂ ಬಿತ್ತದೆ ಒಂದನ್ನು ಕತ್ತರಿಸಿ, ಒಳಗಿನ ಚಿತ್ರವನ್ನು ಪ್ಯಾಕೆಟ್ಟಿನ ಜೊತೆಯಲ್ಲಿಟ್ಟು ತೆಗೆದುಕೊಳ್ಳಿ. ಒಣಗಿ ಸುಕ್ಕಿದ್ದರೆ ಏಳು ದಿನಗಳ ಒಳಗೆಯೇ, ಬೀಜ ಸತ್ತಿದೆ ಎಂಬ ಕಾರಣವನ್ನು ಸ್ಪಷ್ಟವಾಗಿ ಬರೆದು ಹಿಂದಿರುಗಿಸಿ; ಮೊಳಕೆಗೆ ಕಾಯಿರಿ ಎಂಬ ಉತ್ತರಕ್ಕೆ ಒಪ್ಪಬೇಡಿ. ಗಡುವು ಮೀರಿದ್ದರೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಬಹುದು. ಅಲ್ಲಿ ದೂರು ಕೊಟ್ಟ ಮೇಲೆಯೇ ನಮ್ಮ ಹಣ ಮರಳಿ ಬಂತು. ಆದರೆ ಅದೇ ಚಿತ್ರ, ಅದೇ ಭರವಸೆಗಳೊಂದಿಗೆ ಆ ಬೀಜಗಳು ಈಗ ಬೇರೊಂದು ಹೆಸರಿನಲ್ಲಿ ಮಾರಾಟಕ್ಕಿವೆ. ಆದುದರಿಂದ ಮಾರುವವರ ಹೆಸರನ್ನು ನೋಡಿ ನಿರ್ಧರಿಸದೆ, ಬೀಜದ ಜಾತಿಯನ್ನು ನೋಡಿ ನಿರ್ಧರಿಸಿ.