ಹಳೆಯ ಮನೆಯ ಮೇಲೆ ಕಟ್ಟಿಗೆಯ ಅಂತಸ್ತು: ಧಾರವಾಡದ ಒಂದು ರಚನಾ ವಿನ್ಯಾಸ ಸೇವೆಯ ವಿಮರ್ಶೆ

ಧಾರವಾಡದ ಹಳೆಯ ಓಣಿಗಳಲ್ಲಿ ಉಳಿದಿರುವ ಮಣ್ಣಿನ ಮಾಳಿಗೆಯ ಮನೆಯನ್ನು ಕೆಡವದೆ ಅದರ ಮೇಲೆ ಇನ್ನೊಂದು ಅಂತಸ್ತು ಎತ್ತಬೇಕೆಂದರೆ, ಬಹುತೇಕ ಎಂಜಿನಿಯರುಗಳು ಕೊಡುವ ಉತ್ತರ ಎರಡೇ: ಪೂರ್ತಿ ಕೆಡವಿ ಆರ್‌ಸಿಸಿಯಲ್ಲಿ ಹೊಸದಾಗಿ ಕಟ್ಟಿರಿ, ಇಲ್ಲವೇ ಬಡಿಗೇರರನ್ನು ಕರೆದು ಅವರಿಗೆ ತಿಳಿದಂತೆ ಮಾಡಿಸಿಕೊಳ್ಳಿರಿ. ಮೂರನೆಯ ದಾರಿಯೊಂದಿದೆ. ಮೇಲಿನ ಅಂತಸ್ತನ್ನು ಕಟ್ಟಿಗೆಯ ಚೌಕಟ್ಟಿನಲ್ಲಿ, ಆದರೆ ಭಾರತೀಯ ಮಾನಕ (ಐಎಸ್) ಸಂಹಿತೆಗಳ ಪ್ರಕಾರ ಲೆಕ್ಕ ಹಾಕಿ, ನಕ್ಷೆ ಬರೆದು ಕಟ್ಟಿಸುವುದು. ನಾವು ಈ ದಾರಿಯನ್ನು ಆರಿಸಿಕೊಂಡು, ಅದಕ್ಕಾಗಿ ಇಲ್ಲಿಯ ಒಂದು ಸಣ್ಣ ವಿನ್ಯಾಸ ಕಚೇರಿಯ ಸೇವೆ ಪಡೆದೆವು. ಕಚೇರಿಯ ಹೆಸರನ್ನು ಬರೆಯುತ್ತಿಲ್ಲ. ಅವರ ಕೆಲಸದಲ್ಲಿ ಯಾವುದು ಹಣಕ್ಕೆ ತಕ್ಕದ್ದಾಗಿತ್ತು, ಯಾವುದು ಕೊರತೆಯಾಗಿತ್ತು ಎಂಬುದನ್ನು ತಿಳಿದರೆ, ಓದುವವರು ಯಾವ ಕಚೇರಿಯ ಬಾಗಿಲಿಗೆ ಹೋದರೂ ಕೇಳಬೇಕಾದುದನ್ನು ಕೇಳಬಹುದು.

ಅವರು ಮೊದಲು ಮಾಡಿದ ಕೆಲಸವೇ ನನಗೆ ಭರವಸೆ ಕೊಟ್ಟಿತು. ನಕ್ಷೆಯ ಮಾತಿಗೆ ಬರುವ ಮುನ್ನ ಎಂಜಿನಿಯರರು ಪಡಸಾಲೆಯ ಎರಡು ಕಂಬಗಳ ಬುಡವನ್ನು ಅಗೆಸಿ ನೋಡಿದರು, ಮಾಳಿಗೆಯ ಮೇಲಿನ ಮಣ್ಣಿನ ದಪ್ಪವನ್ನು ಹಲವು ಕಡೆ ಅಳೆಸಿದರು. ನಮ್ಮ ಭಾಗದ ಮಾಳಿಗೆಯಲ್ಲಿ ಜಂತಿಗಳ ಮೇಲೆ ಹಲಗೆ ಅಥವಾ ಚಿಕ್ಕ ಕಟ್ಟಿಗೆ ಹಾಸಿ ಮಣ್ಣು ಹಾಕಿರುತ್ತಾರೆ. ಸೋರಿದಾಗಲೆಲ್ಲ ಮತ್ತಷ್ಟು ಮಣ್ಣು ಬೀಳುತ್ತದೆ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಒಂದು ಘನ ಮೀಟರ್ ಬಡಿದು ಗಟ್ಟಿ ಮಾಡಿದ ಮಣ್ಣು ಸುಮಾರು 1,600 ಕಿಲೋ ತೂಗುತ್ತದೆ ಎಂದು ಹಿಡಿದರೂ, ಅರ್ಧ ಅಡಿ ಮಣ್ಣೆಂದರೆ ಪ್ರತಿ ಚದರ ಮೀಟರಿಗೆ 240 ಕಿಲೋ ಆಯಿತು. ವಾಸದ ಕೋಣೆಯೊಂದರಲ್ಲಿ ಜನ, ಸಾಮಾನು ಎಲ್ಲ ಸೇರಿ ಬರುವ ಬಳಕೆಯ ಭಾರವೆಂದು ಐಎಸ್ 875ರ ಎರಡನೆಯ ಭಾಗ ಹಿಡಿಯುವುದು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಹತ್ತಿರ ಹತ್ತಿರ 200 ಕಿಲೋ. ಯಾರೂ ನಡೆದಾಡದ ಮಾಳಿಗೆ ತನ್ನ ಮಣ್ಣಿನಿಂದಲೇ ಅದಕ್ಕಿಂತ ಹೆಚ್ಚು ಭಾರವನ್ನು ಹಗಲಿರುಳು ಹೊತ್ತು ನಿಂತಿರುತ್ತದೆ.

ಈ ಲೆಕ್ಕದಿಂದ ಅವರು ಹೊರಡಿಸಿದ ತೀರ್ಮಾನ ಸರಳವೂ ಬೆಲೆಯುಳ್ಳದ್ದೂ ಆಗಿತ್ತು. ಮಣ್ಣನ್ನು ಪೂರ್ತಿ ಇಳಿಸಿ, ಹಲಗೆಯ ಹೊಸ ನೆಲ ಹಾಕಿ, ಮೇಲಿನ ಚಾವಣಿಗೆ ಮಂಗಳೂರು ಹಂಚು ಹೊದಿಸಿದರೆ, ರೀಪು ಸಹಿತ ಹಂಚಿನ ಭಾರ ಚದರ ಮೀಟರಿಗೆ ಸುಮಾರು 65 ಕಿಲೋ, ನೆಲದ ಭಾರ ಸುಮಾರು 50 ಕಿಲೋ. ಕಟ್ಟಿಗೆಯ ಹಗುರ ಗೋಡೆಗಳನ್ನು ಸೇರಿಸಿದರೂ ಒಂದು ಅಂತಸ್ತು ಏರಿದ ಮನೆಯ ಸ್ಥಿರ ಭಾರ, ಅಂದರೆ ಅದರ ಸ್ವಂತ ತೂಕ, ಮೊದಲಿಗಿಂತ ಕಡಿಮೆಯೇ ಉಳಿಯುತ್ತದೆ. ಅದೇ ಜಾಗದಲ್ಲಿ ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ಸ್ಲ್ಯಾಬೊಂದೇ 300 ಕಿಲೋ ಮೀರುತ್ತದೆ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಯ ಮೇಲೆ ಅಂಥ ಭಾರವನ್ನು ಏರಿಸುವುದನ್ನು ಅವರು ಖಂಡಿತವಾಗಿ ನಿರಾಕರಿಸಿದರು. ಕಟ್ಟಿಗೆಯ ಅಂತಸ್ತನ್ನು ಸಹ ಗೋಡೆಯ ಮೇಲೆ ಕೂರಿಸದೆ, ಸ್ವಂತ ತಳಪಾಯವಿರುವ ಕಂಬಗಳ ಮೇಲೆಯೇ ನಿಲ್ಲಿಸಿದರು. ಹಳೆಯ ಮನೆಗಳನ್ನು ಕಟ್ಟಿದ ಬಡಿಗೇರರೂ ಕಂಬ, ಬೋದಿಗೆ, ತೊಲೆಗಳ ಮೇಲೆಯೇ ಮಾಳಿಗೆಯನ್ನು ನಿಲ್ಲಿಸುತ್ತಿದ್ದರು ಎಂಬುದನ್ನು ನೆನೆದರೆ, ಈ ವಿನ್ಯಾಸ ಆ ಮನೆಯ ಸ್ವಭಾವಕ್ಕೆ ಹೊಂದುವಂಥದೇ ಆಗಿದೆ.

ಭೂಕಂಪದ ಮಾತು ಬಂದಾಗ ಅನೇಕರು ಅದು ನಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸುತ್ತಾರೆ. ಭೂಕಂಪ ತಾಳುವ ವಿನ್ಯಾಸದ ಸಂಹಿತೆಯಾದ ಐಎಸ್ 1893ರ 2016ರ ಆವೃತ್ತಿಯ ಅನುಬಂಧದಲ್ಲಿ ಬೆಂಗಳೂರು ಎರಡನೆಯ ವಲಯದಲ್ಲಿದ್ದರೆ ಧಾರವಾಡ ಮೂರನೆಯ ವಲಯದಲ್ಲಿದೆ; ಭೂಕಂಪದ ಬಲದ ಲೆಕ್ಕಕ್ಕೆ ಹಿಡಿಯುವ ವಲಯದ ಗುಣಾಂಕ 0.10ರಿಂದ 0.16ಕ್ಕೆ ಏರುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನರ ಪ್ರಾಣ ತೆಗೆದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮತ್ತು ಕಟ್ಟಿಗೆಯ ಮೇಲೆ ಹೇರಿದ ಭಾರದ ಮಣ್ಣಿನ ಮಾಳಿಗೆ. ಧಾರವಾಡ, ಗದಗ, ನವಲಗುಂದದ ಹಳೆಯ ಮನೆಗಳ ರಚನೆಗೂ ಅಲ್ಲಿನ ಮನೆಗಳ ರಚನೆಗೂ ಹತ್ತಿರದ ಹೋಲಿಕೆಯಿದೆ. ಭೂಕಂಪದ ಬಲವು ಕಟ್ಟಡದ ತೂಕಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಮಣ್ಣು ಇಳಿಸುವುದೇ ಮೊದಲ ರಕ್ಷಣೆ ಎಂದು ಈ ಕಚೇರಿಯವರು ವರದಿಯಲ್ಲಿ ಬರೆದದ್ದು ನನಗೆ ಅತ್ಯಂತ ಸರಿಯೆನಿಸಿತು. ಕಟ್ಟಿಗೆಯ ಕಟ್ಟಡವನ್ನು ಅಟ್ಟ ಬಿಟ್ಟು ಎರಡು ಅಂತಸ್ತಿಗೆ ಸೀಮಿತಗೊಳಿಸಬೇಕೆಂಬ ಐಎಸ್ 4326ರ ಮಾತನ್ನು ಅವರು ಮೊದಲ ಭೇಟಿಯಲ್ಲೇ ಹೇಳಿ, ಮುಂದೆ ಮೂರನೆಯದನ್ನು ಎತ್ತುವ ಆಸೆಗೆ ಆಸ್ಪದ ಕೊಡಲಿಲ್ಲ.

ಇನ್ನು ಜಂತಿಗಳ ವಿಷಯ. ನಮ್ಮ ಬಡಿಗೇರರು ಎರಡು ಇಂಚು ಅಗಲ, ಎಂಟು ಇಂಚು ಎತ್ತರದ ಸಾಗವಾನಿ ಜಂತಿ ಸಾಕು ಎಂದಿದ್ದರು. ಪಕ್ಕದ ಮನೆಯವರು ಮೂರು ಇಂಚು, ಆರು ಇಂಚಿನದನ್ನು ಹಾಕಿಸಿದ್ದರು. ಕೋಣೆಯ ಅಗಲ ಹನ್ನೆರಡು ಅಡಿ, ಜಂತಿಗಳ ನಡುವಿನ ಅಂತರ ಒಂದೂವರೆ ಅಡಿ. ಕಟ್ಟಿಗೆಯ ರಚನಾ ವಿನ್ಯಾಸಕ್ಕಿರುವ ಐಎಸ್ 883 ಈ ಎರಡು ಅಳತೆಗಳ ಬಗೆಗೂ ಸ್ಪಷ್ಟವಾಗಿ ಮಾತಾಡುತ್ತದೆ. ಜಂತಿಯಂಥ ಬಾಗುವ ತುಂಡಿನ ಅಗಲ 50 ಮಿಲಿಮೀಟರ್ ಅಥವಾ ಹರವಿನ (ಎರಡು ಆಸರೆಗಳ ನಡುವಿನ ದೂರದ) ಐವತ್ತನೆಯ ಒಂದು ಭಾಗ, ಇವೆರಡರಲ್ಲಿ ಯಾವುದು ದೊಡ್ಡದೋ ಅದಕ್ಕಿಂತ ಕಡಿಮೆಯಿರಬಾರದು. ಪಕ್ಕದ ಆಸರೆಯಿಲ್ಲದೆ ಎತ್ತರವು ಅಗಲದ ಮೂರು ಪಟ್ಟು ಮೀರಬಾರದು. ಹನ್ನೆರಡು ಅಡಿಗೆ, ಅಂದರೆ 3,600 ಮಿಲಿಮೀಟರಿಗೆ, ಕನಿಷ್ಠ ಅಗಲ 72 ಮಿಲಿಮೀಟರ್ ಆಗುತ್ತದೆ. ಬಡಿಗೇರರ ಎರಡು ಇಂಚಿನ ಜಂತಿ ಅಗಲದಲ್ಲೂ ಸಾಲದು, ನಾಲ್ಕು ಪಟ್ಟು ಎತ್ತರದ್ದಾಗಿ ಪಕ್ಕಕ್ಕೆ ವಾಲುವ ಅಪಾಯವೂ ಅದಕ್ಕಿದೆ. ನೆರೆಯವರ ಮೂರು, ಆರು ಇಂಚಿನ ಜಂತಿ ಮುರಿಯುವ ಭಯವಿಲ್ಲದ್ದು. ಅದರಲ್ಲಿ ಹುಟ್ಟುವ ಒತ್ತಡ ಒಳ್ಳೆಯ ಸಾಗವಾನಿಯ ಮಿತಿಯೊಳಗೇ ಇರುತ್ತದೆ. ಆದರೆ ಪೂರ್ತಿ ಭಾರ ಬಿದ್ದಾಗ ಅದು ನಡುವೆ ಸುಮಾರು 12 ಮಿಲಿಮೀಟರ್ ಬಾಗುತ್ತದೆ. ಕೆಳಗೆ ಜಿಪ್ಸಂ ಬೋರ್ಡಿನ ಛಾವಣಿ ತೂಗುಹಾಕುವುದಿದ್ದರೆ ಸಂಹಿತೆ ಒಪ್ಪುವ ಬಾಗು ಹರವಿನ 360ನೆಯ ಒಂದು ಭಾಗ, ಅಂದರೆ 10 ಮಿಲಿಮೀಟರ್ ಮಾತ್ರ. ಒಂದು ಇಂಚು ಎತ್ತರ ಹೆಚ್ಚಿಸಿ ಏಳು ಇಂಚು ಮಾಡಿದರೆ ಬಾಗು 8 ಮಿಲಿಮೀಟರಿಗೆ ಇಳಿಯುತ್ತದೆ. ಕಟ್ಟಿಗೆಯ ನೆಲ ಕುಣಿಯುತ್ತದೆ, ಛಾವಣಿ ಬಿರುಕು ಬಿಡುತ್ತದೆ ಎಂದು ಜನ ದೂರುವುದಕ್ಕೆ ಹೆಚ್ಚಿನ ಕಡೆ ಕಾರಣ ಬಲದ ಕೊರತೆಯಲ್ಲ, ಈ ಬಾಗಿನ ಲೆಕ್ಕವನ್ನು ಯಾರೂ ಹಾಕದಿರುವುದು. ಈ ಪುಟವನ್ನು ಎಂಜಿನಿಯರರು ಬಡಿಗೇರರ ಮುಂದೆ ಕುಳಿತು ವಿವರಿಸಿದರು; ಬಡಿಗೇರರು ಕೇಳಿ, ಒಪ್ಪಿ, ಏಳು ಇಂಚಿಗೆ ತಾವೇ ಪಟ್ಟಿ ಬದಲಿಸಿಕೊಟ್ಟರು.

ಕಟ್ಟಿಗೆ ಆರಿಸುವಾಗಲೂ ಅವರು ಟಿಂಬರ್ ಡಿಪೋಕ್ಕೆ ಜೊತೆಗೆ ಬಂದರು. ದಾಂಡೇಲಿಯ ಹರಾಜಿನಿಂದ ಬಂದ ಸಾಗವಾನಿ, ಮತ್ತಿ, ನಂದಿ, ಹೊರದೇಶದ ಪೈನ್ ಎಲ್ಲವೂ ಹುಬ್ಬಳ್ಳಿಯಲ್ಲಿ ಸಿಗುತ್ತವೆ. ಹೆಸರು ನೋಡಿ ಕೊಂಡರೆ ಸಾಲದು. ಗಂಟು ಎಲ್ಲಿದೆ, ಎಳೆ ಎಷ್ಟು ಓರೆಯಾಗಿದೆ, ಕೆಚ್ಚು ಎಷ್ಟು, ಬಿಳಿ ಭಾಗ ಎಷ್ಟು ಎಂಬುದರ ಮೇಲೆ ಸಂಹಿತೆಯ ದರ್ಜೆ ನಿಲ್ಲುತ್ತದೆ, ದರ್ಜೆಯ ಮೇಲೆ ಅದು ಹೊರಬಹುದಾದ ಭಾರ ನಿಲ್ಲುತ್ತದೆ. ಜಂತಿಯ ಕೆಳಮೈಯ ನಡುಭಾಗದಲ್ಲಿ ದೊಡ್ಡ ಗಂಟಿರುವ ತುಂಡುಗಳನ್ನು ಅವರು ಬೇರ್ಪಡಿಸಿ, ಅವನ್ನು ಕಡಿಮೆ ಹರವಿನ ಕಡೆ ಬಳಸಲು ಗುರುತು ಹಾಕಿದರು. ತೇವಮಾಪಕ ಇಟ್ಟು ಪರೀಕ್ಷಿಸಿ ಹಸಿ ಕಟ್ಟಿಗೆಯನ್ನು ತಿರಸ್ಕರಿಸಿದರು. ಹಸಿ ಕಟ್ಟಿಗೆ ಒಣಗುತ್ತ ಕುಗ್ಗಿದರೆ ಬೋಲ್ಟುಗಳು ತಾವಾಗಿಯೇ ಸಡಿಲಗೊಳ್ಳುತ್ತವೆ.

ಬೋಲ್ಟಿನ ಮಾತಿನಲ್ಲೇ ನನ್ನ ಮುಖ್ಯ ಆಕ್ಷೇಪವಿದೆ. ಅವರು ಮೊದಲು ಕೊಟ್ಟ ನಕ್ಷೆಗಳಲ್ಲಿ ಕಂಬ, ತೊಲೆ, ಜಂತಿಗಳ ಅಳತೆಗಳೆಲ್ಲ ಅಚ್ಚುಕಟ್ಟಾಗಿದ್ದವು. ಅವು ಒಂದಕ್ಕೊಂದು ಕೂಡುವ ಸಂದುಗಳ ವಿವರ ಮಾತ್ರ ಇರಲಿಲ್ಲ. ಕಂಪ್ಯೂಟರಿನ ಮಾದರಿಯಲ್ಲಿ ತೊಲೆ ಕಂಬಗಳ ಸಂದನ್ನು ಕಾಂಕ್ರೀಟಿನಂತೆ ಬಿಗಿಯಾದದ್ದೆಂದು ಹಿಡಿಯಲಾಗಿತ್ತು. ಕಾಂಕ್ರೀಟಿನಲ್ಲಿ ಕಂಬ ತೊಲೆಗಳನ್ನು ಒಂದೇ ಎರಕವಾಗಿ ಸುರಿಯುವುದರಿಂದ ಸಂದು ಬಿಗಿಯಾಗಿರುತ್ತದೆ. ಕಟ್ಟಿಗೆಯಲ್ಲಿ ಕೂಸು (ತೂತಿನೊಳಗೆ ಕೂರುವ ತುದಿ) ಕೊರೆದು ಜೋಡಿಸಿದ, ಬೋಲ್ಟು ಹಾಕಿದ ಸಂದು ಸ್ವಲ್ಪ ತಿರುಗಿಯೇ ತಿರುಗುತ್ತದೆ. ಅದು ತಿರುಗುವುದಿಲ್ಲವೆಂದು ಲೆಕ್ಕ ಹಿಡಿದರೆ, ಗಾಳಿಯೂ ಭೂಕಂಪವೂ ಪಕ್ಕಕ್ಕೆ ತಳ್ಳುವ ಬಲವನ್ನು ಹೊರುವವರು ಕಾಗದದ ಮೇಲೆ ಮಾತ್ರ ಇರುತ್ತಾರೆ. ಕಟ್ಟಿಗೆಯ ಮನೆ ಬೀಳುವಾಗ ನಡುತೊಲೆ ಮುರಿದು ಬೀಳುವುದು ಅಪರೂಪ. ಸಂದು ಕಿತ್ತು ಬೀಳುವುದೇ ಹೆಚ್ಚು. ಆದ್ದರಿಂದ ಸಂದಿನ ನಕ್ಷೆಯಿಲ್ಲದ ವಿನ್ಯಾಸವನ್ನು ನಾನು ಅರ್ಧ ವಿನ್ಯಾಸವೆಂದೂ ಒಪ್ಪುವುದಿಲ್ಲ.

ಇದನ್ನು ಬರೆದು ಕೊಟ್ಟ ಮೇಲೆ ಅವರು ಮಾದರಿಯನ್ನು ತಿದ್ದಿದರು, ಮತ್ತು ಎರಡನೆಯ ಸಲದ ಕೆಲಸ ಮೊದಲನೆಯದಕ್ಕಿಂತ ಬಹಳ ಮೇಲ್ಮಟ್ಟದ್ದಾಗಿತ್ತು. ಸಂದುಗಳನ್ನು ತಿರುಗುವಂಥವೆಂದೇ ಹಿಡಿದು, ಪಕ್ಕದ ಬಲಕ್ಕೆ ಮೂಲೆಗಳಲ್ಲಿ ಓರೆ ಪಟ್ಟಿಗಳನ್ನೂ ಕೆಲವು ಗೋಡೆಗಳಿಗೆ ಪ್ಲೈವುಡ್ ಹೊದಿಕೆಯನ್ನೂ ಕೊಟ್ಟರು. ಹಂಚಿನಿಂದ ರೀಪಿಗೆ, ಪಕಾಸಿಗೆ, ಗೋಡೆಯ ತಲೆಪಟ್ಟಿಗೆ, ಕಂಬಕ್ಕೆ, ಕೊನೆಗೆ ತಳಪಾಯಕ್ಕೆ ಭಾರ ಇಳಿಯುವ ದಾರಿಯನ್ನು ಒಂದೇ ಹಾಳೆಯಲ್ಲಿ ಬರೆದು, ಪ್ರತಿ ಸಂದಿನಲ್ಲಿ ಎಷ್ಟು ಬೋಲ್ಟು, ಅಂಚಿನಿಂದ ಎಷ್ಟು ದೂರ, ಯಾವ ದಪ್ಪದ ಉಕ್ಕಿನ ಪಟ್ಟಿ ಎಂದು ಕನ್ನಡದಲ್ಲೇ ನಮೂದಿಸಿದರು. ಮೇಲಕ್ಕೆ ಎಳೆಯುವ ಬಲಕ್ಕೂ ಅದೇ ದಾರಿಯಲ್ಲಿ ಉತ್ತರ ಕೊಟ್ಟರು. ಹಂಚು ತನ್ನ ತೂಕದಿಂದಲೇ ಗಾಳಿಯನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಇಂದು ಹಂಚು ತೆಗೆದು ತಗಡು ಹೊದಿಸುವವರು ಆ ತೂಕವನ್ನೂ ತೆಗೆದುಹಾಕುತ್ತಾರೆ, ಆಮೇಲೆ ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ಚಾವಣಿಯನ್ನು ಹಿಡಿದಿಡುವುದು ಪಕಾಸಿನ ಬುಡದ ಪಟ್ಟಿ ಮತ್ತು ಬೋಲ್ಟು ಮಾತ್ರ. ಕಟ್ಟಿಗೆಯ ಎಳೆಗಳ ಕೊನೆಗೆ, ಅಂದರೆ ಅಡ್ಡ ಕೊಯ್ದ ತುದಿಗೆ ಹೊಡೆದ ಮೊಳೆ ಎಳೆತಕ್ಕೆ ಸುಲಭವಾಗಿ ಕಿತ್ತು ಬರುತ್ತದೆ ಎಂದು ಅವರು ಆ ಹಾಳೆಯ ಮೇಲೆ ಕೆಂಪಿನಲ್ಲಿ ಬರೆದಿದ್ದರು. ಗಾಳಿ ಮತ್ತು ಭೂಕಂಪದಂಥ ಅಲ್ಪಕಾಲದ ಭಾರಕ್ಕೆ ಕಟ್ಟಿಗೆಯ ಬಲವನ್ನು 1.33 ಪಟ್ಟು ಹೆಚ್ಚಿಸಿ ಹಿಡಿಯಲು ಐಎಸ್ 883 ಅವಕಾಶ ಕೊಡುತ್ತದೆ. ಅದನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂಬುದೂ ವರದಿಯಲ್ಲಿ ತಿಳಿಯುವಂತಿತ್ತು.

ತಳಪಾಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮದು ಕೆಂಪು ಮಸಾರಿ ನೆಲವಾದ್ದರಿಂದ ಕೆಲಸ ಸುಲಭವಾಯಿತು. ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಕಟ್ಟುವವರಿಗೆ ಮಾತ್ರ ಒಂದು ಎಚ್ಚರಿಕೆ: ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಆ ಮಣ್ಣು ಹಗುರ ಮನೆಯನ್ನೇ ಹೆಚ್ಚು ಎತ್ತಿ ಇಳಿಸುತ್ತದೆ, ಆದ್ದರಿಂದ ಅಲ್ಲಿ ಆಳದ ತಳಪಾಯ ಅಥವಾ ಅಂಡರ್‌ರೀಮ್ಡ್ ಪೈಲಿನ (ಬುಡ ಅಗಲಿಸಿ ನೆಲದೊಳಗೆ ಎರಕ ಹೊಯ್ದ ಕಾಂಕ್ರೀಟ್ ಕಂಬದ) ವಿಚಾರ ಮೊದಲೇ ಆಗಬೇಕು. ಗೆದ್ದಲಿನ ವಿಷಯದಲ್ಲಿ ಕಚೇರಿಯವರು ಐಎಸ್ 6313ರ ಪ್ರಕಾರ ಮಣ್ಣಿಗೆ ಔಷಧ, ಕಂಬದ ಬುಡಕ್ಕೆ ನೆಲದಿಂದ ಎತ್ತರದ ಕಲ್ಲಿನ ಪೀಠ, ನಡುವೆ ಉಕ್ಕಿನ ತಟ್ಟೆ ಇಷ್ಟನ್ನು ಸೂಚಿಸಿದರು, ಎಲ್ಲವೂ ಸಮರ್ಪಕ.

ಬೆಂಕಿಯ ಅಧ್ಯಾಯ ದುರ್ಬಲವಾಗಿತ್ತು. ದಪ್ಪ ಕಟ್ಟಿಗೆ ಒಮ್ಮೆಗೇ ಉರಿದುಹೋಗುವುದಿಲ್ಲ. ಮೇಲ್ಮೈ ನಿಮಿಷಕ್ಕೆ ಅರ್ಧ ಮಿಲಿಮೀಟರಿನಿಂದ 0.7 ಮಿಲಿಮೀಟರಿನಷ್ಟು ಇದ್ದಿಲಾಗುತ್ತ ಹೋಗಿ, ಒಳಗಿನ ಭಾಗ ಕೆಲ ಹೊತ್ತು ಭಾರ ಹೊರುತ್ತದೆ. ಮೂರು ಇಂಚಿನ ಜಂತಿಗೆ ಎರಡೂ ಬದಿಯಿಂದ ಬೆಂಕಿ ತಗಲಿದರೆ ಅರ್ಧ ಗಂಟೆಯಲ್ಲಿ ಅಗಲದ ಸುಮಾರು ಅರ್ಧ ಉಳಿಯುತ್ತದೆ. ಉಳಿದ ಅರ್ಧ ಜನ ಹೊರಗೆ ಬರುವಷ್ಟು ಹೊತ್ತು ನಿಲ್ಲುತ್ತದೆಯೇ, ಹೊರಗೆ ಕಾಣುವ ಉಕ್ಕಿನ ಪಟ್ಟಿಗಳು ಕಾದಾಗ ಏನಾಗುತ್ತದೆ ಎಂಬ ಲೆಕ್ಕ ವರದಿಯಲ್ಲಿ ಇರಲೇಬೇಕಿತ್ತು. ಅದರ ಬದಲಿಗೆ ಬೆಂಕಿ ತಡೆಯುವ ಬಣ್ಣ ಬಳಿಯಿರಿ ಎಂಬ ಒಂದು ಸಾಲು ಮಾತ್ರ ಇತ್ತು. ಅಡುಗೆಮನೆಯ ಮೇಲಿನ ಜಂತಿಗಳಿಗೆ ಎರಡು ಪದರ ಜಿಪ್ಸಂ ಬೋರ್ಡನ್ನೂ ವಿದ್ಯುತ್ ತಂತಿಗೆಲ್ಲ ಕೊಳವೆಯನ್ನೂ ನಾವೇ ಒತ್ತಾಯಿಸಿ ಸೇರಿಸಿಕೊಂಡೆವು.

ಶುಲ್ಕದ ವಿಷಯದಲ್ಲಿ ಹೇಳುವುದಾದರೆ, ಇದೇ ಅಳತೆಯ ಆರ್‌ಸಿಸಿ ಮನೆಯ ವಿನ್ಯಾಸಕ್ಕೆ ಇಲ್ಲಿ ಕೇಳುವುದಕ್ಕಿಂತ ಇವರು ಸಾಕಷ್ಟು ಹೆಚ್ಚು ಕೇಳುತ್ತಾರೆ. ಪ್ರತಿ ಸಂದಿಗೂ ಬೇರೆ ಲೆಕ್ಕ, ಬೇರೆ ನಕ್ಷೆ ಬೇಕಾಗುವುದರಿಂದ ಅದು ನ್ಯಾಯವೇ. ನ್ಯಾಯವಲ್ಲದ್ದು ಸ್ಥಳ ಪರಿಶೀಲನೆಯನ್ನು ಒಪ್ಪಂದದ ಹೊರಗಿಟ್ಟು ಪ್ರತಿ ಭೇಟಿಗೆ ಪ್ರತ್ಯೇಕ ಹಣ ಕೇಳುವುದು. 2019ರ ಮಾರ್ಚಿನಲ್ಲಿ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಹತ್ತೊಂಬತ್ತು ಜನ ಸತ್ತದ್ದನ್ನು ಕಂಡ ಈ ಊರಿನಲ್ಲಿ, ಎಂಜಿನಿಯರರು ಕೆಲಸದ ಸ್ಥಳಕ್ಕೆ ಬರುವುದನ್ನು ಹೆಚ್ಚುವರಿ ಸೌಲಭ್ಯವೆಂದು ಎಣಿಸಬಾರದು. ಹಲಗೆ ಹೊಡೆದು ಮುಚ್ಚಿದ ಮೇಲೆ ಒಳಗಿನ ಬೋಲ್ಟು ಯಾರ ಕಣ್ಣಿಗೂ ಬೀಳುವುದಿಲ್ಲ. ಇವರ ಬಳಿಗೆ ಹೋಗುವವರು ಕನಿಷ್ಠ ಮೂರು ಹಂತದ ಪರಿಶೀಲನೆಯನ್ನು, ಅಂದರೆ ಕಂಬ ನಿಂತಾಗ, ಸಂದುಗಳು ಮುಚ್ಚುವ ಮುನ್ನ, ಹಂಚು ಹೊದಿಸಿದ ಮೇಲೆ, ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಮೊದಲ ಬೇಸಿಗೆ ಕಳೆದು ಕಟ್ಟಿಗೆ ಒಣಗಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸುವ ಭೇಟಿಯನ್ನೂ ಅದರಲ್ಲಿ ಸೇರಿಸಬೇಕು. ಅದಕ್ಕಾಗಿ ನಮ್ಮ ಮನೆಯ ಗೋಡೆಗಳಲ್ಲಿ ಸಂದುಗಳಿರುವ ಕಡೆ ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಹಲಗೆಗಳನ್ನೇ ಕೂರಿಸಲಾಗಿದೆ.