ಹಸಿರು ಅಟ್ಟೆಯ ತೀರ್ಪು ಡೈಜೆಸ್ಟ್: ಸಿವಿಲ್‌ಗೆ ಸೈ, ಕ್ರಿಮಿನಲ್‌ಗೆ ಹುಷಾರು

ಸುಪ್ರೀಂ ಕೋರ್ಟು ಮತ್ತು ಬಾಂಬೆ ಹೈಕೋರ್ಟಿನ ಅಪೀಲು ತೀರ್ಪುಗಳನ್ನು ಆರಿಸಿ, ತಿಂಗಳಿಗೊಂದು ಪುಸ್ತಕ ಮಾಡಿ ಕಳಿಸುವ ಡೈಜೆಸ್ಟ್ ಇದು. ಜೊತೆಗೆ ಫೋನಿಗೊಂದು ಆ್ಯಪ್. ಪ್ರಕಾಶಕರ ಹೆಸರು ಇಲ್ಲಿ ಬೇಡ. ಮುಂಬೈನ ಫೋರ್ಟ್ ಕಡೆ ಓಡಾಡುವ ವಕೀಲರಿಗೆ ಹಸಿರು ಅಟ್ಟೆ ಅಂದರೆ ಸಾಕು. ಎರಡೂ ಸೇರಿ ವರ್ಷದ ಚಂದಾ ₹4,000ದ ಹತ್ತಿರ. ಕೊಳ್ಳಬಹುದಾ ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಅವರಿಗೆಲ್ಲ ಸೇರಿಸಿ ಒಟ್ಟಿಗೇ ಬರೆದುಬಿಡುತ್ತೇನೆ.

ನಾನು ದಿಂಡೋಶಿ ಸೆಷನ್ಸ್ ಕೋರ್ಟಿನಲ್ಲಿ ಮತ್ತು ಹೈಕೋರ್ಟಿನ ಅಪೀಲು ವಿಭಾಗದಲ್ಲಿ ಕೆಲಸ ಮಾಡುವವಳು. ಕಕ್ಷಿದಾರರಲ್ಲಿ ಮುಕ್ಕಾಲು ಪಾಲು ಮುಂಬೈನಲ್ಲಿರುವ ನಮ್ಮ ಕನ್ನಡದವರೇ. ಹೋಟೆಲಿನವರು, ಕ್ಯಾಂಟೀನ್ ನಡೆಸುವವರು, ಇಲ್ಲಿ ದುಡಿಯುತ್ತಾ ಊರಿನ ಕೋರ್ಟಿನಲ್ಲಿ ಪಾಲಿನ ದಾವೆ ಇಟ್ಟುಕೊಂಡವರು. ಹಾಗಾಗಿ ನನಗೆ ಬೇಕಾಗುವುದು ಹೆಚ್ಚಾಗಿ ಚೆಕ್ ಬೌನ್ಸು, ಶಿಕ್ಷೆ ಅಮಾನತು, ಆಸ್ತಿ ಪಾಲು. ಕಂಪನಿ ಕಾನೂನು, ತೆರಿಗೆ ವಿಭಾಗ ಹೇಗಿದೆ ಅಂತ ನನ್ನನ್ನು ಕೇಳಬೇಡಿ. ಆ ಪುಟಗಳನ್ನು ನಾನು ತೆರೆದೇ ಇಲ್ಲ.

ಇಂಥ ಡೈಜೆಸ್ಟನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ಈ ತೀರ್ಪಿಗೆ ಆಮೇಲೆ ಏನಾಯ್ತು? ತೀರ್ಪು ಹುಡುಕುವುದಕ್ಕೆ ಈಗ ದುಡ್ಡು ಕೊಡಬೇಕಾಗಿಲ್ಲ. ಸುಪ್ರೀಂ ಕೋರ್ಟಿನ ಆನ್‌ಲೈನ್ ತೀರ್ಪು ಭಂಡಾರ ಇ-ಎಸ್‌ಸಿಆರ್ 2023ರಿಂದ ಪುಕ್ಕಟೆಯಾಗಿದೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸಿಗುತ್ತದೆ. ಬಾಂಬೆ ಹೈಕೋರ್ಟಿನ ತೀರ್ಪುಗಳಿಗೂ ಈಗ ತಮ್ಮದೇ ನಂಬರ್ ಇದೆ. ನಂಬರಿನಲ್ಲಿ ಬಿಎಚ್‌ಸಿ-ಎಎಸ್ ಅಂತಿದ್ದರೆ ಮುಂಬೈನ ಅಪೀಲು ವಿಭಾಗ, ಬಿಎಚ್‌ಸಿ-ಗೋವಾ ಅಂತಿದ್ದರೆ ಪಣಜಿ ಕಡೆಯದು. ನಾವು ಚಂದಾ ಕಟ್ಟುವುದು ಆ ತೀರ್ಪು ಇವತ್ತಿಗೂ ನಿಂತಿದೆಯೋ ಬಿದ್ದಿದೆಯೋ ಅಂತ ತಿಳಿಯೋಕೆ.

ಈ ಕೆಲಸದಲ್ಲಿ ಸಿವಿಲ್ ವಿಭಾಗ ಚೆನ್ನಾಗಿದೆ. ನಿಜಕ್ಕೂ ಚೆನ್ನಾಗಿದೆ.

ಹೆಣ್ಣುಮಕ್ಕಳ ಪಾಲಿನ ವಿಷಯವನ್ನೇ ನೋಡಿ. ಮಗಳಿಗೂ ಮಗನಷ್ಟೇ ಪಾಲು ಕೊಡುವ, ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಅವತ್ತಿಗೆ ಅಪ್ಪ ಬದುಕಿರಬೇಕಾ ಬೇಡವಾ ಅಂತ ಹದಿನೈದು ವರ್ಷ ಜಗಳ ನಡೆಯಿತು. ಅದರಲ್ಲಿ ಎರಡು ದೊಡ್ಡ ತೀರ್ಪು ಹುಟ್ಟಿದ್ದು ಕರ್ನಾಟಕದ ಮನೆಗಳಿಂದಲೇ. ಫುಲವತಿ ಪ್ರಕರಣ ಬೆಳಗಾವಿಯ ದಾವೆ. ಅಪ್ಪ ಬದುಕಿರಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದಾನಮ್ಮ ಪ್ರಕರಣದಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದರು, ಆದರೂ 2018ರಲ್ಲಿ ಅದೇ ಕೋರ್ಟ್ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠ. ಕೆಳಗಿನ ಕೋರ್ಟಿನಲ್ಲಿ ಒಬ್ಬ ವಕೀಲ ಇದನ್ನು ಹಿಡಿದರೆ ಇನ್ನೊಬ್ಬ ಅದನ್ನು ಹಿಡಿಯುತ್ತಿದ್ದ. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಇತ್ಯರ್ಥ ಮಾಡಿತು. ಹಕ್ಕು ಹುಟ್ಟಿನಿಂದ ಬರುತ್ತದೆ, ಅಪ್ಪ ಬದುಕಿರಬೇಕೆಂದಿಲ್ಲ. (ಆ ಪೀಠದಲ್ಲಿ ನಮ್ಮ ಮೂಡುಬಿದಿರೆ ಕಡೆಯ ನ್ಯಾಯಮೂರ್ತಿ ಅಬ್ದುಲ್ ನಜೀರ್ ಕೂಡ ಇದ್ದರು.)

ಡೈಜೆಸ್ಟ್ ಈ ಮೂರನ್ನೂ ಒಂದೇ ಪುಟದಲ್ಲಿ ಇಟ್ಟಿದೆ. ಅಪ್ಪ ಯಾವಾಗ ತೀರಿಕೊಂಡರು, ದಾವೆ ಯಾವಾಗ ಹಾಕಿದರು, ಯಾವ ತೀರ್ಪು ಈಗ ಬಿದ್ದಿದೆ, ಎಲ್ಲ ಇದೆ. ಅದಕ್ಕಿಂತ ಮುಖ್ಯವಾಗಿ, ಜನ ಮರೆಯುವ ಇನ್ನೊಂದು ತಾರೀಖನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. 2004ರ ಡಿಸೆಂಬರ್ 20ಕ್ಕೆ ಮೊದಲು ಸರಿಯಾಗಿ ಆದ ಪಾಲನ್ನು ಈಗ ಕೆದಕುವಂತಿಲ್ಲ. "ಬಾಯಿಮಾತಿನಲ್ಲಿ ಆವಾಗಲೇ ಪಾಲಾಗಿತ್ತು ಮೇಡಂ" ಅಂತ ಅಣ್ಣತಮ್ಮಂದಿರು ಬರುತ್ತಾರಲ್ಲ, ಅದನ್ನು ಕೋರ್ಟು ಸುಮ್ನೆ ಒಪ್ಪುವುದಿಲ್ಲ. ಸರಕಾರಿ ದಾಖಲೆಯ ಆಧಾರ ಬೇಕು, ಅದೂ ಅಪರೂಪಕ್ಕೆ. ಇದನ್ನೂ ಬರೆದಿದ್ದಾರೆ. ವಿಜಯಪುರ ಕಡೆಯ ಒಬ್ಬ ಕಕ್ಷಿದಾರರಿಗೆ ನಾನು ಈ ಪುಟವನ್ನೇ ಮುಂದಿಟ್ಟು ವಿವರಿಸಿದೆ. ಇಂಗ್ಲಿಷ್ ಓದಲು ಬರುವ ಅವರ ಮಗಳು ಹತ್ತು ನಿಮಿಷದಲ್ಲಿ ಅರ್ಥ ಮಾಡಿಕೊಂಡಳು.

ಒಂದು ಕೊರತೆ ಇದೆ. ಇದೆಲ್ಲ ಮಿತಾಕ್ಷರ ಕುಟುಂಬಗಳ, ಅಂದರೆ ಆಸ್ತಿ ಅಪ್ಪನ ಕಡೆಯಿಂದ ಇಳಿಯುವವರ ಮಾತು. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ನಮ್ಮ ತುಳುನಾಡಿನ ಅಳಿಯಕಟ್ಟಿನವರ ಲೆಕ್ಕ ಬೇರೆ. ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಅವರಿಗೆ ಪ್ರತ್ಯೇಕ ಕಲಮೇ ಇದೆ. ಆ ಎಚ್ಚರಿಕೆಗೆ ಒಂದು ಸಾಲು ಹಾಕಿದ್ದರೆ ಮುಂಬೈನ ಬಂಟ ಕುಟುಂಬಗಳ ಫೋನ್ ನನಗೆ ಕಡಿಮೆ ಬರುತ್ತಿತ್ತು.

ಸ್ಟೇ ವಿಷಯದಲ್ಲೂ ಡೈಜೆಸ್ಟ್ ಪಾಸು. ಸ್ಟೇ ಕೊಟ್ಟ ಆರು ತಿಂಗಳಿಗೆ ಅದು ತಾನಾಗಿ ಬಿದ್ದುಹೋಗುತ್ತದೆ ಅಂತ 2018ರಲ್ಲಿ ಏಷ್ಯನ್ ರೀಸರ್ಫೇಸಿಂಗ್ ಪ್ರಕರಣದಲ್ಲಿ ಮೂವರ ಪೀಠ ಹೇಳಿತ್ತು. ಎದುರು ಪಾರ್ಟಿಯವರು ಅದನ್ನು ಹಿಡಿದುಕೊಂಡು ಬಂದು ವಿಚಾರಣೆ ಮುಂದುವರಿಸಿ ಅಂತ ಕೂರುತ್ತಿದ್ದರು. 2024ರ ಫೆಬ್ರುವರಿ 29ರಂದು ಐವರ ಪೀಠ ಅದನ್ನು ತೆಗೆದುಹಾಕಿತು. ಆ್ಯಪ್‌ನಲ್ಲಿ ಹಳೇ ತೀರ್ಪು ತೆರೆದರೆ ಮೇಲೆಯೇ ಕೆಂಪು ಪಟ್ಟಿ ಬರುತ್ತದೆ, ಒತ್ತಿದರೆ ಹೊಸದಕ್ಕೆ ಹೋಗುತ್ತದೆ. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ನೋಡಬಹುದು. ಇಷ್ಟೇ ಸಾಕು ನನಗೆ.

ಕ್ರಿಮಿನಲ್ ವಿಭಾಗದಲ್ಲಿ ಈ ಕೆಂಪು ಪಟ್ಟಿ ಕೈಕೊಡುತ್ತದೆ.

ನಮ್ಮ ಮುಂಬೈನದೇ ದೊಡ್ಡ ಕೇಸು ನೋಡಿ, 2006ರ ಜುಲೈ 11ರ ರೈಲು ಸ್ಫೋಟ. ವೆಸ್ಟರ್ನ್ ಲೈನಿನಲ್ಲಿ ಏಳು ಸ್ಫೋಟ, 180ಕ್ಕೂ ಜಾಸ್ತಿ ಸಾವು. 2015ರಲ್ಲಿ ಮಕೋಕಾ, ಅಂದರೆ ಮಹಾರಾಷ್ಟ್ರದ ಸಂಘಟಿತ ಅಪರಾಧ ನಿಯಂತ್ರಣ ಕಾಯಿದೆಯ ವಿಶೇಷ ಕೋರ್ಟು ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ ಕೊಟ್ಟಿತ್ತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಹನ್ನೆರಡೂ ಮಂದಿಯನ್ನು ಖುಲಾಸೆ ಮಾಡಿತು. ತಪ್ಪೊಪ್ಪಿಗೆ ಹೇಳಿಕೆಗಳು ನಂಬುವಂತಿಲ್ಲ, ಗುರುತು ಪರೇಡು ಸರಿಯಾಗಿ ನಡೆದಿಲ್ಲ ಎಂದಿತು. ಮೂರೇ ದಿನಕ್ಕೆ, ಜುಲೈ 24ಕ್ಕೆ, ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿತು. ಬಿಡುಗಡೆಯಾದವರು ಮತ್ತೆ ಜೈಲಿಗೆ ಹೋಗಬೇಕಿಲ್ಲ, ಆದರೆ ಈ ತೀರ್ಪನ್ನು ಬೇರೆ ಕೇಸಿನಲ್ಲಿ ಪೂರ್ವನಿದರ್ಶನ ಅಂತ ಬಳಸುವಂತಿಲ್ಲ, ಅಷ್ಟರ ಮಟ್ಟಿಗೆ ಸ್ಟೇ.

ಮಕೋಕಾ ಕೇಸು ನಡೆಸುವವರಿಗೆ ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ. ಆ ಕಾಯಿದೆಯಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತದೆ. ಹಾಗಾಗಿ ಅದನ್ನು ಒಡೆಯುವ ಯಾವ ತೀರ್ಪು ಬಂದರೂ ಡಿಫೆನ್ಸ್ ವಕೀಲರು ಹಿಡಿದುಕೊಳ್ಳುತ್ತಾರೆ. ಜುಲೈ ಮುಗಿದ ಮೇಲೆ ಅಚ್ಚಾದ ಸಂಚಿಕೆಯಲ್ಲಿ ಹೈಕೋರ್ಟ್ ತೀರ್ಪಿನ ಹೆಡ್‌ನೋಟ್ (ತೀರ್ಪಿನ ಸಾರಾಂಶ) ಪುಟಗಟ್ಟಲೆ ಇದೆ, ತಪ್ಪೊಪ್ಪಿಗೆ ಬಗ್ಗೆ ಒಂದೊಂದು ಅಂಶವನ್ನೂ ಬಿಡಿಸಿ ಬರೆದಿದ್ದಾರೆ. 24ರ ಆದೇಶದ ಸುಳಿವೇ ಇಲ್ಲ. ಜೂನಿಯರ್ ಒಬ್ಬ ಇದನ್ನು ಓದಿ ನೇರ ಕೋರ್ಟಿಗೆ ಹೋಗಿ ಸೈಟೇಶನ್ ಕೊಟ್ಟರೆ ಸರಕಾರಿ ವಕೀಲರು ಎದ್ದು ನಿಂತು ಒಂದೇ ವಾಕ್ಯದಲ್ಲಿ ಕೂರಿಸುತ್ತಾರೆ. ಪ್ರಕಾಶಕರ ಕಚೇರಿಗೆ ಫೋನ್ ಮಾಡಿದೆ. "ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತೆ ಮ್ಯಾಡಮ್" ಅಂದರು. ಬಂತು, ಕೊನೇ ಪುಟದ ತಳದಲ್ಲಿ, ಔಷಧಿ ಶೀಶೆಯ ಚೀಟಿಯ ಅಕ್ಷರದಷ್ಟು ಸಣ್ಣದಾಗಿ. ಆ್ಯಪ್‌ನಲ್ಲಿ ಮಾತ್ರ ಕೆಂಪು ಪಟ್ಟಿ ಇನ್ನೂ ಬಂದಿಲ್ಲ.

ಚೆಕ್ ಬೌನ್ಸ್ ವಿಭಾಗ ಅರ್ಧಂಬರ್ಧ. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾಗಿ ಅಪೀಲು ಹಾಕುವವರು ದಂಡ ಅಥವಾ ಪರಿಹಾರದ ಕನಿಷ್ಠ 20% ಠೇವಣಿ ಇಡಬೇಕೆಂದು ಸೆಷನ್ಸ್ ಕೋರ್ಟ್ ಹೇಳಬಹುದು. 2018ರ ತಿದ್ದುಪಡಿ ಅದು. ಡೈಜೆಸ್ಟಿನ ಹೆಡ್‌ನೋಟ್ "20% ಕಟ್ಟಲೇಬೇಕು" ಅನ್ನುವ ಧಾಟಿಯಲ್ಲಿದೆ. ಸುಪ್ರೀಂ ಕೋರ್ಟಿನ 2019ರ ತೀರ್ಪನ್ನು ಓದಿದರೆ ಹಾಗೆ ಅನಿಸುವುದು ಹೌದು. ಆದರೆ 2023ರ ಜಂಬೂ ಭಂಡಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಡಿಲಿಸಿದೆ. ಆ ಷರತ್ತಿನಿಂದ ಅಪೀಲಿನ ಹಕ್ಕೇ ಹೋಗುವಂತಿದ್ದರೆ ವಿನಾಯಿತಿ ಕೊಡಬಹುದು, ಕಾರಣ ಬರೆಯಬೇಕು ಅಷ್ಟೇ. ಸಣ್ಣ ಕ್ಯಾಂಟೀನ್ ಇಟ್ಟುಕೊಂಡ ಮನುಷ್ಯನಿಗೆ ಇದು ಅಂಗಡಿ ಉಳಿಯುತ್ತಾ ಮುಚ್ಚುತ್ತಾ ಅನ್ನುವ ಪ್ರಶ್ನೆ. ಈ ತೀರ್ಪು ಡೈಜೆಸ್ಟಿನಲ್ಲಿ ಇಲ್ಲವೆಂದಲ್ಲ. ಬೇರೆ ತಲೆಬರಹದ ಕೆಳಗೆ, ಬೇರೆ ಸಂಪುಟದಲ್ಲಿ ಕೂತಿದೆ. ಎರಡಕ್ಕೂ ಕೊಂಡಿ ಇಲ್ಲ.

ಗೋವಾದಿಂದ ಬಂದ ಚೆಕ್ ಬೌನ್ಸ್ ಪ್ರಕರಣವನ್ನು ಮಾತ್ರ ಸೊಗಸಾಗಿ ಬರೆದಿದ್ದಾರೆ. ಎರಡು ಕೋರ್ಟು ಶಿಕ್ಷೆ ಕೊಟ್ಟಿದ್ದವು, ಪಣಜಿಯಲ್ಲಿ ಹೈಕೋರ್ಟ್ ರಿವಿಜನ್‌ನಲ್ಲಿ ಬಿಟ್ಟಿತ್ತು, 2025ರ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಅದೇ ತೀರ್ಪಿನಲ್ಲಿ ರಾಜಿ ಮಾಡಿಕೊಳ್ಳುವವರ ವೆಚ್ಚವನ್ನೂ ಇಳಿಸಿದರು. ಆರೋಪಿ ಕಡೆಯ ಸಾಕ್ಷ್ಯಕ್ಕೆ ಮೊದಲು ಹಣ ಕೊಟ್ಟರೆ ವೆಚ್ಚವೇ ಇಲ್ಲ. ಆಮೇಲೆ ತೀರ್ಪಿಗೆ ಮುಂಚೆ ಆದರೆ ಚೆಕ್ ಮೊತ್ತದ 5%, ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ 7.5%, ಸುಪ್ರೀಂ ಕೋರ್ಟಿನಲ್ಲಿ 10%. 2010ರ ದರ ಇದಕ್ಕಿಂತ ಜಾಸ್ತಿ ಇತ್ತು. ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ಹಾಕಿದ್ದಾರೆ. ನಾನು ಅದನ್ನು ಫೋಟೊ ತೆಗೆದು ಇಟ್ಟುಕೊಂಡಿದ್ದೇನೆ. "ಅಕ್ಕಾ, ಈಗ ಕೊಟ್ಟರೆ ಎಷ್ಟು, ಆಮೇಲೆ ಕೊಟ್ಟರೆ ಎಷ್ಟು" ಅಂತ ಕೇಳುವ ಹೋಟೆಲಿನವರಿಗೆ ಅದನ್ನೇ ವಾಟ್ಸಾಪ್ ಮಾಡುತ್ತೇನೆ.

ಹುಡುಕಾಟ ಇನ್ನೂ ಹಳೇ ಕಾಲದಲ್ಲಿದೆ. 2024ರ ಜುಲೈ 1ರಿಂದ ಹಳೇ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿ ಹೋಗಿ ಅದರ ಜಾಗಕ್ಕೆ ಬಿಎನ್‌ಎಸ್‌ಎಸ್ ಬಂತು. ಶಿಕ್ಷೆ ಅಮಾನತಿನ ಕಲಮು 389 ಇದ್ದದ್ದು 430 ಆಯಿತು, ಖುಲಾಸೆ ವಿರುದ್ಧ ಅಪೀಲು 378 ಇದ್ದದ್ದು 419 ಆಯಿತು. ಆ್ಯಪ್‌ನಲ್ಲಿ 430 ಅಂತ ಹೊಡೆದರೆ ಹೊಸ ತೀರ್ಪು ಮಾತ್ರ ಬರುತ್ತವೆ, ಹಳೇ ನಂಬರಿನವು ಬರಲ್ಲ. ಖುಲಾಸೆ ವಿರುದ್ಧದ ಅಪೀಲಿಗೆ ಇವತ್ತಿಗೂ ಎಲ್ಲರೂ ಎತ್ತುವ 2007ರ ಚಂದ್ರಪ್ಪ ಪ್ರಕರಣ, ಕರ್ನಾಟಕದ್ದೇ, 419ರ ಹುಡುಕಾಟದಲ್ಲಿ ಕಾಣಿಸುವುದೇ ಇಲ್ಲ. ಎರಡು ನಂಬರನ್ನು ಜೋಡಿಸುವುದು ಅಂಥ ಕಷ್ಟದ ಕೆಲಸವೇನಲ್ಲ ಅಲ್ವಾ?

ಪುಸ್ತಕದ ಕಾಗದ ಒಳ್ಳೆಯದು, ಬೈಂಡಿಂಗ್ ಗಟ್ಟಿ. ಮಳೆಗಾಲದಲ್ಲಿ ಕೊರಿಯರ್‌ನವರು ಪ್ಲಾಸ್ಟಿಕ್ ಸುತ್ತದೆ ತಂದರೆ ಹಸಿರು ಬಣ್ಣ ಒಳಪುಟಕ್ಕೆ ಇಳಿಯುತ್ತದೆ.

ಪಾಲು, ಬಾಡಿಗೆ, ಸ್ಟೇ, ಸೊಸೈಟಿ ಜಗಳ ನಡೆಸುವವರು ಧಾರಾಳವಾಗಿ ಕೊಳ್ಳಿ. ಬರೀ ಕ್ರಿಮಿನಲ್ ಮಾಡುವವರು ಈ ದುಡ್ಡು ಉಳಿಸಿ, ಇ-ಎಸ್‌ಸಿಆರ್‌ನಲ್ಲಿ ಹುಡುಕಿ, ಆಮೇಲೆ ಸುಪ್ರೀಂ ಕೋರ್ಟಿನ ಸೈಟಿನಲ್ಲಿ ಕೇಸ್ ಸ್ಟೇಟಸ್ ನೋಡಿ. ಸೊಲ್ಲಾಪುರ, ಸಾಂಗ್ಲಿ ಕಡೆಯ ಕನ್ನಡದ ವಕೀಲರು ಒಂದು ವಿಷಯ ಕೇಳಿಕೊಂಡು ಚಂದಾ ಕಟ್ಟಿ. 2025ರ ಆಗಸ್ಟ್‌ನಿಂದ ನಿಮ್ಮ ಅಪೀಲುಗಳು ಕೊಲ್ಹಾಪುರ ಪೀಠಕ್ಕೆ ಹೋಗುತ್ತಿವೆ, ಅಲ್ಲಿನ ತೀರ್ಪುಗಳಿಗೆ ಡೈಜೆಸ್ಟಿನಲ್ಲಿ ಇನ್ನೂ ಬೇರೆ ವಿಭಾಗ ಮಾಡಿಲ್ಲ. ನಾನು ಈ ವರ್ಷ ಪುಸ್ತಕ ನಿಲ್ಲಿಸಿ ಆ್ಯಪ್ ಮಾತ್ರ ಮುಂದುವರಿಸಿದ್ದೇನೆ, ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಆಯಿತು. ಆ್ಯಪ್ ಒಂದನ್ನೇ ಕೊಡ್ತೀವಿ ಅಂತ ಅವರಾಗಿ ಹೇಳಲ್ಲ, ಕೌಂಟರಿನಲ್ಲಿ ಕೇಳಿದರೆ ಕೊಡುತ್ತಾರೆ.