ಮಕ್ಕಳಿಗೆ ಜರ್ಮನ್ ಕಲಿಸೋಕೆ ಎರಡೂವರೆ ವರ್ಷ ಬಳಸಿದ ವೆಬ್‌ಸೈಟ್‌ಗಳು: ನಮ್ಮನೆ ಅನುಭವ

ನಮ್ಮನೆಯವರಿಗೆ ಸ್ಟುಟ್‌ಗಾರ್ಟ್ ಹತ್ರ ಕೆಲಸ ಸಿಕ್ಕಿ ಅವರು ಮೊದ್ಲು ಹೋದ್ರು, ನಾನು, ಮಕ್ಕಳು, ಅತ್ತೆ ಇನ್ನೂ ಒಂದು ವರ್ಷ ಮೈಸೂರಲ್ಲೇ ಇದ್ವಿ. ಮಗಳು ಆಗ ಮೂರನೇ ಕ್ಲಾಸು, ಮಗ ಯುಕೆಜಿ ಮುಗಿಸಿ ಒಂದನೇ ಕ್ಲಾಸಿಗೆ ಹೋಗ್ತಿದ್ದ. ಇಷ್ಟು ಚಿಕ್ಕ ಮಕ್ಕಳಿಗೆ ವೀಸಾಗೆ ಜರ್ಮನ್ ಪರೀಕ್ಷೆ ಏನೂ ಕೇಳಲ್ಲ, ಆದ್ರೆ ಅಲ್ಲಿನ ಸರ್ಕಾರಿ ಸ್ಕೂಲಲ್ಲಿ ಲೆಕ್ಕ, ವಿಜ್ಞಾನ, ಆಟ, ಬೈಗುಳ ಎಲ್ಲಾ ಜರ್ಮನ್‌ನಲ್ಲೇ. ಮೈಸೂರಲ್ಲಿ ಇಷ್ಟು ಸಣ್ಣೋರಿಗೆ ಹೇಳ್ಕೊಡೋರು ನಮ್ಗೆ ಸಿಗಲಿಲ್ಲ, ವಾರ ವಾರ ಇಬ್ಬರನ್ನೂ ಕರ್ಕೊಂಡು ಬೆಂಗ್ಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಓಡಾಡೋದು ಆಗೋ ಮಾತಲ್ಲ, ಹಾಗಾಗಿ ವೆಬ್‌ಸೈಟ್ ಹುಡುಕೋಕೆ ಕೂತೆ. ಈಗ ಇಲ್ಲಿಗೆ ಬಂದು ಒಂದೂವರೆ ವರ್ಷ ಆಯ್ತು. ನನ್ ಥರ ಹೊರಡೋ ತಯಾರಿಲಿರೋ ಅಮ್ಮಂದ್ರು ಫೋನ್ ಮಾಡಿ ಯಾವ ಸೈಟ್ ಒಳ್ಳೇದು ಅಂತ ಕೇಳ್ತಾನೇ ಇರ್ತಾರೆ, ಅವರಿಗೋಸ್ಕರ ಎಲ್ಲಾ ಒಂದೇ ಕಡೆ ಬರೀತಿದೀನಿ.

ಮೊದ್ಲೇ ಹೇಳಿಬಿಡ್ತೀನಿ, ನಮ್ ಮಕ್ಕಳಿಗೆ ಇಂಗ್ಲಿಷ್ ಮೂಲಕ ಜರ್ಮನ್ ಹೇಳ್ಕೊಡೋ ಸೈಟ್ ಯಾವ್ದೂ ಹೆಚ್ಚು ದಿನ ನಡೀಲಿಲ್ಲ. ಚಿತ್ರ, ದನಿ, ಕಥೆ ಇಷ್ಟೇ ಇಟ್ಕೊಂಡು ಮಧ್ಯ ಇಂಗ್ಲಿಷ್ ತರದೇ ಇರೋ ಸೈಟ್‌ಗಳು ಮಾತ್ರ ಉಳ್ಕೊಂಡ್ವು. ಕಾರಣ ಏನಂದ್ರೆ ಅಲ್ಲಿ ಪಕ್ಕದಲ್ಲಿ ಕೂತು ನಾವು ಕನ್ನಡ ಸೇರಿಸಬಹುದು.

ಇದು ಗೊತ್ತಾಗಿದ್ದು ದುಡ್ಡು ಕಳ್ಕೊಂಡ ಮೇಲೆ. ಶುರುಲಿ ಒಂದು ಪೇಯ್ಡ್ ಸೈಟ್‌ಗೆ ವರ್ಷದ ಚಂದಾ ಕಟ್ಟಿದ್ದೆ, ಹೆಸರು ಬೇಡ. ನೋಡೋಕೆ ಬಹಳ ಚೆನ್ನಾಗಿತ್ತು, ಬಣ್ಣ, ಮ್ಯೂಸಿಕ್ಕು, ಸ್ಟಾರು. ಆದ್ರೆ ಪ್ರತಿ ಆಟದ ಸೂಚನೆನೂ ಇಂಗ್ಲಿಷಲ್ಲಿ, ಅದೂ ಓದಿ ತಿಳ್ಕೋಬೇಕು, ಒಂದನೇ ಕ್ಲಾಸಿನ ಹುಡುಗ ಇಂಗ್ಲಿಷೇ ಕೂಡಿಸಿ ಕೂಡಿಸಿ ಓದ್ತಾನೆ, ಅವನಿಗೆ ಅಲ್ಲೇ ಸುಸ್ತಾಗೋದು, ಜರ್ಮನ್‌ವರೆಗೆ ತಲುಪೋದೇ ಇಲ್ಲ. ಮಗಳಿಗೆ ಇನ್ನೊಂದು ತೊಂದರೆ. ಜರ್ಮನ್‌ನಲ್ಲಿ ಡು, ಝೀ ಅಂತ ಎರಡಿದೆ, ಇಂಗ್ಲಿಷಲ್ಲಿ ಎರಡಕ್ಕೂ ಯೂ. ಇದನ್ನ ಅರ್ಥ ಮಾಡಿಸೋಕೆ ಆ ಸೈಟಲ್ಲಿ ಫಾರ್ಮಲ್ಲು ಇನ್‌ಫಾರ್ಮಲ್ಲು ಅಂತ ಒಂದಿಡೀ ಪಾಠ ಇತ್ತು, ಅವಳಿಗೆ ತಲೆಗೇ ಹೋಗಲಿಲ್ಲ. ಅತ್ತೆ ಅಡುಗೆಮನೆಯಿಂದ ಕೇಳಿಸ್ಕೊಂಡು "ಏನೇ ಅದು, ನೀನು ನೀವು ತಾನೆ?" ಅಂದ್ರು, ಅಷ್ಟೇ, ಮುಗೀತು. ಅವತ್ತಿಂದ ಅವಳು ಅದನ್ನ ತಪ್ಪಿಲ್ಲ. ವರ್ಷ ಆದ್ಮೇಲೆ ಆ ಚಂದಾ ತಾನಾಗೇ ರಿನ್ಯೂ ಆಗಿ ಅಕೌಂಟಿಂದ ದುಡ್ಡು ಹೋಯ್ತು, ವಾಪಸ್ ಬರಲಿಲ್ಲ. ಯಾವ್ದಕ್ಕೇ ಕಟ್ಟಿದ್ರೂ ಕಟ್ಟಿದ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಿ, ದಯವಿಟ್ಟು.

ಡ್ಯುಯೋಲಿಂಗೋ ಬಗ್ಗೆ ಎಲ್ರೂ ಕೇಳ್ತಾರೆ. 2012ರಿಂದ ಇದೆ, ಫ್ರೀಯಾಗೇ ಶುರು ಮಾಡಬಹುದು, ನಾನು ಕಲಿತಿದ್ದು ಅದ್ರಲ್ಲೇ, ಜೊತೆಗೆ ಡಾಯ್ಚ ವೆಲ್ಲ ಅನ್ನೋ ಜರ್ಮನ್ ಸುದ್ದಿ ಸಂಸ್ಥೆಯ 'ನೀಕೋಸ್ ವೇಗ್' ಅನ್ನೋ ವಿಡಿಯೋ ಕೋರ್ಸು, ಸ್ಪೇನಿಂದ ಬಂದ ನೀಕೋ ಅನ್ನೋ ಹುಡುಗನ ಕಥೆ, ತೀರಾ ಶುರುವಿನ ಎ1 ಹಂತದಿಂದ ಮಧ್ಯಮ ಮಟ್ಟದ ಬಿ1 ತನಕ ಪೂರ್ತಿ ಉಚಿತ. ಎರಡೂ ದೊಡ್ಡೋರಿಗೆ ತುಂಬಾ ಒಳ್ಳೇದು. ಪ್ರೈಮರಿ ಮಕ್ಕಳಿಗೆ ವಾಕ್ಯ ಅನುವಾದ ಮಾಡೋ ಕ್ರಮ ಸ್ವಲ್ಪ ಭಾರ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಅಮ್ಮನೋ ಅಪ್ಪನೋ ಕಲೀಲೇಬೇಕು, ಮಕ್ಕಳಿಗಿಂತ ಎರಡು ಹೆಜ್ಜೆ ಮುಂದೆ ಇದ್ರೂ ಸಾಕು.

ಈಗ ನಂಗೆ ಅತೀ ಇಷ್ಟವಾದ್ದು. ಸ್ಟೋರಿವೀವರ್. ಇದು ನಮ್ಮ ಬೆಂಗ್ಳೂರಿನ ಪ್ರಥಮ್ ಬುಕ್ಸ್‌ನೋರು 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ಸೈಟು. ಇದು ಭಾಷೆ ಕಲಿಸೋ ಸೈಟೇ ಅಲ್ಲ, ಯಾರೂ ಇದನ್ನ ಜರ್ಮನ್‌ಗೆ ಅಂತ ಹೇಳಲ್ಲ, ನಮ್ಗೂ ಅಕಸ್ಮಾತ್ ಹೊಳೆದಿದ್ದು. ಒಂದೇ ಚಿತ್ರಪುಸ್ತಕ ಹಲವಾರು ಭಾಷೆಲಿ ಸಿಗುತ್ತೆ, ಚಿತ್ರಗಳು ಅವೇ, ಪುಟ ಅವೇ, ಭಾಷೆ ಮಾತ್ರ ಬೇರೆ. ಕನ್ನಡದಲ್ಲಿ ರಾಶಿ ರಾಶಿ ಇವೆ, ಜರ್ಮನ್‌ನಲ್ಲಿ ಅಷ್ಟಿಲ್ಲ ಆದ್ರೂ ನಮ್ಗೆ ಬೇಕಾದಷ್ಟಿದ್ವು. ನಾನು ಎರಡೂ ಭಾಷೆಲಿ ಇರೋ ಪುಸ್ತಕ ಆರಿಸಿ ಪಿಡಿಎಫ್ ಇಳಿಸಿ ಪಕ್ಕದ ಅಂಗಡೀಲಿ ಪ್ರಿಂಟ್ ಹಾಕಿಸಿ ಹೊಲಿದು ಇಟ್ಕೊಂಡೆ. ಕಥೆಗಳೆಲ್ಲಾ ಮುಕ್ತ ಪರವಾನಗೀಲಿ ಇರೋದ್ರಿಂದ ಪ್ರಿಂಟ್ ಮಾಡೋಕೆ ಯಾರ ಅಪ್ಪಣೆನೂ ಬೇಡ.

ಕ್ರಮ ಹೀಗಿತ್ತು. ರಾತ್ರಿ ಊಟ ಆದ್ಮೇಲೆ ಮೊದಲು ಅಜ್ಜಿ ಕನ್ನಡದ ಪುಸ್ತಕ ಓದ್ತಾರೆ, ಅವರ ಓದು ಅಂದ್ರೆ ಹರಿಕಥೆ ಥರ, ರಾಗ ಎಲ್ಲಾ ಇರುತ್ತೆ. ಎರಡು ದಿನ ಬರೀ ಕನ್ನಡವೇ. ಮೂರನೇ ದಿನ ಅದೇ ಪುಸ್ತಕ ಜರ್ಮನ್‌ನಲ್ಲಿ ನಾನು ಓದ್ತೀನಿ. ಕಥೆ ಆಗ್ಲೇ ಗೊತ್ತು, ಮುಂದಿನ ಪುಟದಲ್ಲಿ ಏನು ಬರುತ್ತೆ ಅಂತನೂ ಗೊತ್ತು, ಹಾಗಾಗಿ ಅರ್ಥ ಹೇಳೋ ಕೆಲಸವೇ ಇಲ್ಲ, ಪದಗಳು ತಾವಾಗೇ ಚಿತ್ರಕ್ಕೆ ಅಂಟ್ಕೊಳ್ತವೆ. ಮಗ ಮೂರನೇ ವಾರಕ್ಕೆ ನಾನು ಪುಟ ತಿರುಗಿಸೋ ಮುಂಚೆ ಜರ್ಮನ್ ಪದ ಹೇಳ್ತಿದ್ದ. ಅವನಿಗೆ ಒಂದನೇ ಹಂತದ್ದು, ಒಂದು ಪುಟಕ್ಕೆ ಒಂದೋ ಎರಡೋ ಸಾಲು, ಮಗಳಿಗೆ ಎರಡನೇದು. ಒಟ್ಟು ನಾಲ್ಕು ಹಂತ ಇವೆ, ಆಸೆ ಬಿದ್ದು ನಾಲ್ಕಕ್ಕೆ ಕೈ ಹಾಕಬೇಡಿ. ಒಂದು ಎಚ್ಚರಿಕೆ, ಅಲ್ಲಿ ಅನುವಾದಗಳನ್ನ ಬೇರೆ ಬೇರೆ ಜನ ಮಾಡಿರ್ತಾರೆ, ಹಾಗಾಗಿ ನೀವು ಒಂದ್ಸಲ ಓದಿ ನೋಡಿ ಆಮೇಲೆ ಕೊಡಿ.

ಜರ್ಮನ್ ದನಿ ಬೇಕು ಅಂದಾಗ ಸ್ಟೋರಿಬುಕ್ಸ್ ಕೆನಡಾ ಸೈಟ್ ಬಳಸಿದ್ವಿ. ಆಫ್ರಿಕಾದ 40 ಕಥೆಗಳು, ಪುಟ ಪುಟಕ್ಕೂ ಪ್ಲೇ ಬಟನ್ ಒತ್ತಿ ಕೇಳಬಹುದು, ಜಾಹೀರಾತಿಲ್ಲ, ಲಾಗಿನ್ ಬೇಡ. ಬಿಡಿ ಪದದ ಉಚ್ಚಾರಕ್ಕೆ ಫೋರ್ವೋ, ಅದ್ರಲ್ಲಿ ಆ ಭಾಷೆ ಮಾತಾಡೋ ಜನರೇ ಪದ ಹೇಳಿ ರೆಕಾರ್ಡ್ ಮಾಡಿರ್ತಾರೆ. ಡಿಕ್ಷನರಿಗೆ ಲೇಓ.

ಉಚ್ಚಾರದ ವಿಷಯ ಬಂತಲ್ಲ, ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು. ಇಂಗ್ಲಿಷ್ ಅಕ್ಷರ ಗೊತ್ತಿರೋ ಮಗು ಜರ್ಮನ್ ಪದ ನೋಡಿದ ತಕ್ಷಣ ಇಂಗ್ಲಿಷ್ ಥರ ಓದುತ್ತೆ. ಟ್ರೈನಿಗೆ ತ್ಸೂಕ್ ಅಂತಾರೆ, ನನ್ ಮಗಳು ಅದನ್ನ ಜಗ್ ಅಂತ ಓದಿದ್ಲು. ಹಕ್ಕಿ ಫೋಗೆಲ್, ಅವಳ ಬಾಯಲ್ಲಿ ವೋಗಲ್. ಇದಕ್ಕೆ ನಮ್ಗೆ ಸಿಕ್ಕ ಮದ್ದು ಕನ್ನಡ ಲಿಪಿ. ಒಂದು ನೋಟ್‌ಬುಕ್ಕಲ್ಲಿ ಮೊದ್ಲು ಚಿತ್ರ, ಕೆಳಗೆ ಫೋರ್ವೋದಲ್ಲಿ ಕೇಳಿದ ಹಾಗೆ ಕನ್ನಡದಲ್ಲಿ ಬರೆಯೋದು, ಒಂದು ತಿಂಗಳು ಬಿಟ್ಟು ಮೇಲೆ ಜರ್ಮನ್ ಸ್ಪೆಲಿಂಗು. ಕನ್ನಡದಲ್ಲಿ ಬರೆದಿದ್ದನ್ನ ಬರೆದ ಹಾಗೇ ಓದ್ತೀವಲ್ಲ, ಹಾಗಾಗಿ ತಪ್ಪೋ ಚಾನ್ಸೇ ಕಮ್ಮಿ. ಕನ್ನಡದಲ್ಲಿ ಇಲ್ಲದ ದನಿ ಕೆಲವು ಇವೆ, ಯು ಮೇಲೆ ಎರಡು ಚುಕ್ಕಿ ಇಡ್ತಾರಲ್ಲ ಅದಕ್ಕೆ ನಾವು ಬಾಯೊಳಗೆ ಈ, ತುಟಿ ಮಾತ್ರ ಊ ಅಂತ ಹೇಳ್ಕೊಟ್ವಿ. ಓ ಮೇಲೆ ಚುಕ್ಕಿ ಇದ್ರೆ ಒಳಗೆ ಏ, ತುಟಿ ಓ. ಕನ್ನಡಿ ಮುಂದೆ ನಿಲ್ಲಿಸಿ ಮಾಡಿಸಿದ್ದು, ಎರಡು ಸಂಜೇಲಿ ಬಂತು.

ನಾಮಪದ ಗಂಡೋ ಹೆಣ್ಣೋ ನಪುಂಸಕವೋ ನೋಡಿ ಅದರ ಮುಂಚೆ ಹಾಕೋ ಡೆರ್, ಡೀ, ಡಾಸ್ ಅಂತೂ ದೊಡ್ಡ ತಲೆನೋವು, ಮೇಜು ಗಂಡಸಂತೆ, ಬಾಗಿಲು ಹೆಂಗಸಂತೆ. "ಅಮ್ಮ ಮೇಜು ಯಾಕೆ ಗಂಡ್ಸು?" ಅಂದ್ರೆ ನನ್ ಹತ್ರ ಉತ್ತರ ಇರಲಿಲ್ಲ. ಆದ್ರೆ ಮಗುಗೆ ಡಾಸ್ ಹಾಕ್ತಾರೆ, ಡಾಸ್ ಕಿಂಡ್, ಇದು ಇಂಗ್ಲಿಷ್ ಸೈಟಲ್ಲಿ ವಿಚಿತ್ರ ಅನ್ನೋ ಥರ ಹೇಳಿದ್ರು, ನಮ್ಗೆ ವಿಚಿತ್ರವೇ ಅಲ್ಲ, ಮಗು ಬಂತು, ಮಗು ಅಳ್ತಾ ಇದೆ ಅಂತ ನಾವೂ ತಾನೇ ಹೇಳ್ತೀವಿ. ಚಂದ್ರ ಗಂಡು, ಡೆರ್ ಮೋಂಡ್, ನಮ್ ಚಂದಮಾಮನೇ, ಅದು ಒಂದೇ ಸಲಕ್ಕೆ ನೆನಪಲ್ಲಿ ಉಳೀತು. ಸೂರ್ಯ ಮಾತ್ರ ಅಲ್ಲಿ ಹೆಣ್ಣು, ಡೀ ಝೊನ್ನ, ಅದನ್ನ ಕೇಳಿ ಅತ್ತೆ ಒಂದು ನಿಮಿಷ ಸುಮ್ನೆ ಕೂತಿದ್ರು. ಮಿಕ್ಕಿದ್ದಕ್ಕೆ ಬಣ್ಣ ಹಚ್ಚಿದ್ವಿ, ಡೆರ್ ನೀಲಿ, ಡೀ ಕೆಂಪು, ಡಾಸ್ ಹಸಿರು, ಮನೇಲಿರೋ ಸಾಮಾನಿಗೆಲ್ಲಾ ಚೀಟಿ. ಇಂಗ್ಲಿಷಿನ ದಿ ಹಿಡ್ಕೊಂಡು ಕೂತಿದ್ರೆ ಇದ್ಯಾವ್ದೂ ಹೊಳೀತಿರಲಿಲ್ಲ.

ಇನ್ನು ಮೌಸ್. 'ಝೆಂಡುಂಗ್ ಮಿಟ್ ಡೆರ್ ಮೌಸ್' ಅಂತ ಡಬ್ಲ್ಯೂಡಿಆರ್ ಚಾನೆಲ್ಲಿನ ಮಕ್ಕಳ ಕಾರ್ಯಕ್ರಮ, 1971ರಿಂದ ಬರ್ತಿದೆ, ಅವರದ್ದೇ ವೆಬ್‌ಸೈಟಿದೆ. ಕಿತ್ತಳೆ ಬಣ್ಣದ ಇಲಿ, ನೀಲಿ ಪುಟಾಣಿ ಆನೆ, ಹಳದಿ ಬಾತುಕೋಳಿ. ಇಲಿ ಮಾತೇ ಆಡಲ್ಲ, ಕಣ್ಣು ಮಿಟುಕಿಸಿದ್ರೆ ಟಕ್ ಟಕ್ ಅನ್ನುತ್ತೆ ಅಷ್ಟೇ. ಮಧ್ಯ ಮಧ್ಯ ಯಾವ್ದಾದ್ರೂ ವಸ್ತು ಹೇಗೆ ತಯಾರಾಗುತ್ತೆ ಅಂತ ತೋರಿಸ್ತಾರೆ, ನಿಧಾನವಾಗಿ, ಸಣ್ಣ ಸಣ್ಣ ವಾಕ್ಯದಲ್ಲಿ, ಕೈಲಿ ಏನು ಮಾಡ್ತಿದಾರೋ ಅದನ್ನೇ ಬಾಯಲ್ಲಿ ಹೇಳ್ತಾರೆ. ಮೊದಲ ಆರು ತಿಂಗಳು ಮಕ್ಕಳಿಗೆ ಮಾತು ಅರ್ಥ ಆಗದೇ ಇದ್ರೂ ನೋಡ್ತಾ ಕೂತಿರ್ತಿದ್ರು, ಮಾತು ಬಿಟ್ರೂ ವಿಷಯ ತಿಳಿಯುತ್ತೆ. ಕೊನೆಗೆ ನಮ್ ಮನೇಲಿ ಮೊದ್ಲು ಕೂತ್ಕೊಳ್ತಿದ್ದೋರು ಅಜ್ಜಿ, ಅವರಿಗೆ ಇಂಗ್ಲಿಷೂ ಬರಲ್ಲ ಜರ್ಮನ್ನೂ ಬರಲ್ಲ, ಆದ್ರೆ ಇಲಿ ಏನು ಉಪಾಯ ಮಾಡ್ತು ಅಂತ ಮೊಮ್ಮಕ್ಕಳಿಗೆ ಕನ್ನಡದಲ್ಲಿ ಹೇಳ್ತಿದ್ರು. ಅದೇ ಸಂಸ್ಥೆಯ 'ಮೌಸ್ ಇಂಟರ್‌ನ್ಯಾಷನಲ್' ಪುಟದಲ್ಲಿ ಕೆಲವು ವಿಡಿಯೋಗಳು ಅರೇಬಿಕ್, ಕುರ್ದಿಷ್, ದರಿ, ಇಂಗ್ಲಿಷ್, ಫ್ರೆಂಚ್ ಭಾಷೆಲೂ ಇವೆ, ಹೊಸದಾಗಿ ದೇಶಕ್ಕೆ ಬಂದ ಮಕ್ಕಳಿಗೋಸ್ಕರ.

ಇಲ್ಲಿಗೆ ಬಂದ ಮೇಲೆ ಆಟವೇ ಬೇರೆ. ಈ ರಾಜ್ಯದಲ್ಲಿ ಭಾಷೆ ಬರದ ಮಕ್ಕಳಿಗೆ ಮೊದ್ಲು ಫೋರ್‌ಬೆರೈಟುಂಗ್ಸ್‌ಕ್ಲಾಸ್ ಅಂತ ತಯಾರಿ ಕ್ಲಾಸ್ ಇರುತ್ತೆ, ವಿಕೆಎಲ್ ಅಂತಾರೆ, ಅಲ್ಲಿಂದ ನಿಧಾನಕ್ಕೆ ಮಾಮೂಲಿ ಕ್ಲಾಸಿಗೆ ಸೇರಿಸ್ತಾರೆ. ಪ್ರೈಮರಿ ನಾಲ್ಕನೇ ಕ್ಲಾಸಿಗೇ ಮುಗಿಯುತ್ತೆ, ಆಮೇಲೆ ಯಾವ ಥರದ ಹೈಸ್ಕೂಲು ಅನ್ನೋ ತೀರ್ಮಾನ, ಅದಕ್ಕೇ ಮಗಳ ಬಗ್ಗೆ ನಂಗೆ ಆತಂಕ. ಆಗ ಸ್ಕೂಲಿನೋರೇ ಹೇಳಿದ್ದು ಆಂಟೋನ್. ಬರ್ಲಿನ್ನಿನ ಕಂಪನಿ, ಮಕ್ಕಳಿಗೆ ಉಚಿತ, ಜಾಹೀರಾತಿಲ್ಲ, ಜರ್ಮನ್ ಎರಡನೇ ಭಾಷೆಯಾಗಿ ಕಲಿಯೋರಿಗೆ ಅಂತಲೇ ಬೇರೆ ವಿಭಾಗ ಇದೆ. ಲೆಕ್ಕವೂ ಅದ್ರಲ್ಲೇ ಮಾಡಬಹುದು, ಇದು ಬಹಳ ಮುಖ್ಯ, ಯಾಕಂದ್ರೆ ಮಗಳಿಗೆ ಲೆಕ್ಕ ಬರ್ತಿತ್ತು, ಲೆಕ್ಕದ ಭಾಷೆ ಬರ್ತಿರಲಿಲ್ಲ. 21 ಅನ್ನೋಕೆ ಇವರು ಒಂದು ಮತ್ತೆ ಇಪ್ಪತ್ತು ಅಂತಾರೆ, ಟೀಚರ್ ಹೇಳಿದ ನಂಬರನ್ನ ಅವಳು ತಿರುಗಿಸಿ 12 ಅಂತ ಬರೀತಿದ್ಲು. ಆಂಟೋನ್‌ನಲ್ಲಿ ಕೇಳಿ ಒತ್ತೋ ಅಭ್ಯಾಸ ದಿನಾ ಹತ್ತು ನಿಮಿಷ ಮಾಡಿ ಮಾಡಿ ಅದು ಸರಿ ಹೋಯ್ತು. ಪಾಠ ಮುಗಿಸಿದ್ರೆ ನಾಣ್ಯ ಸಿಗುತ್ತೆ, ನಾಣ್ಯಕ್ಕೆ ಆಟ. ನಾವು ಪಾಠಕ್ಕೆ ಎಷ್ಟು ಹೊತ್ತೋ ಆಟಕ್ಕೆ ಅದರರ್ಧ ಅಂತ ಗೆರೆ ಎಳೆದ್ವಿ.

ಮೊದಲ ನಾಲ್ಕು ತಿಂಗಳು ಮಗಳು ಸ್ಕೂಲಲ್ಲಿ ಬಾಯೇ ಬಿಡಲಿಲ್ಲ, ಇದನ್ನ ಹೊಸಬರು ದಯವಿಟ್ಟು ತಿಳ್ಕೊಳ್ಳಿ. ಒಂದು ವರ್ಷ ಇಷ್ಟೆಲ್ಲಾ ಮಾಡಿಸಿ ಬಂದ್ರೂ ಬಾಯಿ ಬಿಡಲಿಲ್ಲ. ನಾನು ರಾತ್ರಿ ಅಳ್ತಿದ್ದೆ. ಆದ್ರೆ ಟೀಚರ್ ಹೇಳಿದ್ರು, ಅವಳಿಗೆ ಎಲ್ಲಾ ಅರ್ಥ ಆಗ್ತಿದೆ, ಕಥೆ ಓದುವಾಗ ನಗಬೇಕಾದ ಕಡೆ ನಗ್ತಾಳೆ ಅಂತ. ಆ ಅರ್ಥ ಆಗೋದು ಮೈಸೂರಿನ ಆ ಹೊಲಿದ ಪುಸ್ತಕಗಳಿಂದ, ಇಲಿಯಿಂದ ಬಂದಿದ್ದು ಅಂತ ನಂಗೆ ಖಾತ್ರಿ ಇದೆ. ಐದನೇ ತಿಂಗಳು ಶುರುವಾಯ್ತು ನೋಡಿ, ನಿಲ್ಲಲೇ ಇಲ್ಲ. ಮಗ ಅಂತೂ ಮೈದಾನದಲ್ಲೇ ಕಲಿತ, ಪದದ ಕೊನೆಗೆ ಲೆ ಲೆ ಸೇರಿಸೋ ಇಲ್ಲಿನ ಷ್ವೇಬಿಷ್ ಮಾತು ಯಾವ ಸೈಟೂ ಕಲಿಸಲ್ಲ.

ಈಗ ಓದೋಕೆ ಆಂಟೊಲಿನ್ ಇದೆ, ಸ್ಕೂಲಿಂದ ಲಾಗಿನ್ ಕೊಡ್ತಾರೆ, ಲೈಬ್ರರಿ ಪುಸ್ತಕ ಓದಿ ಅದ್ರಲ್ಲಿ ಪ್ರಶ್ನೆಗೆ ಉತ್ತರ ಹೇಳಿದ್ರೆ ಪಾಯಿಂಟು, ಮಗಳಿಗೆ ಹುಚ್ಚು. ಪ್ರಾಜೆಕ್ಟಿಗೆ ಕ್ಲೆಕ್ಸಿಕೋನ್, ಮಕ್ಕಳ ವಿಕಿಪೀಡಿಯ ಥರ, ಇನ್ನೂ ಸುಲಭ ಬೇಕಂದ್ರೆ ಮಿನಿಕ್ಲೆಕ್ಸಿಕೋನ್. ಡೆರ್ ಡೀ ಡಾಸ್ ಮಗಳಿಗೆ ಇವತ್ತಿಗೂ ತಪ್ಪುತ್ತೆ, ಆದ್ರೆ 'ಯಾಕಂದ್ರೆ' ಅಂತ ಶುರುವಾಗೋ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹಾಕೋದು ಒಂದ್ಸಲನೂ ತಪ್ಪಿಲ್ಲ, ಕನ್ನಡದ ಥರನೇ ಅಲ್ವಾ ಅಂತಾಳೆ.

ಸ್ಟೋರಿವೀವರ್ ಇನ್ನೂ ದಿನಾ ತೆಗೀತೀವಿ, ಈಗ ಉಲ್ಟಾ. ಮಗನಿಗೆ ಮೊದ್ಲು ಜರ್ಮನ್ ಪುಸ್ತಕ, ಆಮೇಲೆ ಅದೇ ಕಥೆ ಕನ್ನಡದಲ್ಲಿ, ಅವನು ಒತ್ತಕ್ಷರ ಕಲಿಯೋ ಮುಂಚೆನೇ ಮೈಸೂರು ಬಿಟ್ವಿ, ಈಗ ಅದರಲ್ಲೇ ಕಲೀತಿದಾನೆ. ಕನ್ನಡ ಪುಸ್ತಕ ಓದೋದು ಈಗಲೂ ಅಜ್ಜಿನೇ, ವಾಟ್ಸಾಪ್ ವಿಡಿಯೋ ಕಾಲಲ್ಲಿ. ಭಾನುವಾರ ಕೀಕಾ ಚಾನೆಲ್ಲಲ್ಲಿ ಬೆಳಿಗ್ಗೆ 11.30ಕ್ಕೆ ಮೌಸ್ ಬರುತ್ತೆ, ಬೇಸಿಗೇಲಿ ಮೈಸೂರಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ, ಅತ್ತೆ ಕಾಫಿ ಲೋಟ ಹಿಡ್ಕೊಂಡು ಫೋನ್ ಮುಂದೆ ಕೂತಿರ್ತಾರೆ. ಕಾರ್ಯಕ್ರಮದ ಶುರುಲಿ ಇವತ್ತು ಏನೇನಿದೆ ಅಂತ ಮೊದ್ಲು ಜರ್ಮನ್‌ನಲ್ಲಿ ಹೇಳಿ ಆಮೇಲೆ ಅದನ್ನೇ ಬೇರೆ ಯಾವ್ದೋ ದೇಶದ ಭಾಷೆಲಿ ಹೇಳ್ತಾರೆ, ಅದಾದ್ಮೇಲೆ ಯಾವ ಭಾಷೆ ಅಂತ ತಿಳಿಸ್ತಾರೆ. ಅವರು ತಿಳಿಸೋ ಮುಂಚೆ ಊಹಿಸೋದು ನಮ್ಮನೆ ಆಟ. ಹೋದ ಭಾನುವಾರ ಮಕ್ಕಳಿಬ್ರೂ ತಪ್ಪು ಹೇಳಿದ್ರು, ಅತ್ತೆ "ಇರ್ರೋ, ಇನ್ನೊಂದ್ಸಲ ಹಾಕಿ, ನಾನು ಸರಿಯಾಗಿ ಕೇಳಿಸ್ಕೊಳ್ಳಿಲ್ಲ" ಅಂತ ಕನ್ನಡಕ ಹಾಕ್ಕೊಂಡ್ರು.